ನಮ್ಮ ಕಡಲು ಮಂಗಳೂರಿನ ಕಡೆಗಿಲ್ಲ

"ಕೋಲಾರದವರಿಗೆ ಕಡಲಿನ ಉಸಾಬರಿ ಯಾಕೆ ಮಾರಾಯ್ರೆ? ನಿಮ್ಮಲ್ಲಿ ಕುಡಿಯೋಕೇ ನೀರಿಲ್ಲ ಅಲ್ವಾ?" ಅಂತ ಕೇಳಿದಿರಿ. ನೀವು ಕುಂದಾಪುರದವರು, ಕೇಳುವ ಹಕ್ಕಿದೆ. ಬಂಗಾಳ ಕೊಲ್ಲಿಯ ಸುತ್ತಲಿನ ದೇಶಗಳು ಸಭೆ ಸೇರಿದ ಸುದ್ದಿಯನ್ನು ನಾನು ಕಣ್ಣಿಗೆ ಒತ್ತಿಕೊಂಡು ಓದುತ್ತಿದ್ದೆ. ಅದು ನೋಡಿ ನಿಮಗೆ ನಗು ಬಂತು. ಆವತ್ತು ಬಸ್ಸು ಬಂದುಬಿಟ್ಟಿತು, ಉತ್ತರ ಅರ್ಧಕ್ಕೇ ನಿಂತಿತು. ಈಗ ಪೂರ್ತಿ ಹೇಳುತ್ತೇನೆ.

ನಮ್ಮೂರು ಮುಳಬಾಗಿಲು ತಾಲ್ಲೂಕು, ನಂಗಲಿ ಕಡೆ. ಊರಾಚೆ ಎರಡು ಹೊಲ ದಾಟಿದರೆ ಆಂಧ್ರ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಕೆಜಿಎಫ್‌ಗೆ ಹೋದರೆ ತಮಿಳು. ಕರ್ನಾಟಕದವರು ಅಂದ ಮೇಲೆ ನಮ್ಮ ಕಡಲೂ ಮಂಗಳೂರೇ ಅಂತ ನೀವು ಅಂದುಕೊಂಡಿದ್ದೀರಿ. ಲೆಕ್ಕ ಹಾಕಿ ನೋಡಿ. ಮುಳಬಾಗಿಲಿನಿಂದ ಚೆನ್ನೈಗೆ ಸುಮಾರು 240 ಕಿಲೋಮೀಟರ್. ಮಂಗಳೂರಿಗೆ ಹತ್ತಿರ ಹತ್ತಿರ ಅದರ ಎರಡರಷ್ಟು. ನಿಮ್ಮ ಕಡಲಿನ ಮುಂಗಾರು ಘಟ್ಟ ಹತ್ತಿ, ಮಲೆನಾಡಿನಲ್ಲಿ ಸುರಿದು, ನಮ್ಮ ಹತ್ತಿರ ಬರುವಷ್ಟರಲ್ಲಿ ಬರಿಗೈ. ನಮ್ಮ ಕೆರೆಗೆ ನೀರು ಬರಬೇಕು ಅಂದರೆ ಅಕ್ಟೋಬರ್, ನವೆಂಬರ್ ತಿಂಗಳಲ್ಲಿ ಬಂಗಾಳ ಕೊಲ್ಲಿ ಕೆರಳಬೇಕು. ಅದಕ್ಕೇ ಹೇಳಿದ್ದು, ನಮ್ಮ ಕಡಲು ಬೇರೆ.

ಆ ಕೆರಳುವುದಕ್ಕೆ ನಮ್ಮಲ್ಲಿ ಮೂರು ಹೆಸರಿವೆ. ಅಜ್ಜಿ 'ತುಫಾನು' ಅನ್ನುತ್ತಿದ್ದಳು. ಕೆಜಿಎಫ್ ಕಡೆಯವರು 'ಪುಯಲ್' ಅನ್ನುತ್ತಾರೆ. ಹುಡುಗರು 'ಸೈಕ್ಲೋನ್'. ಚಂಡಮಾರುತ ಅನ್ನುವುದು ಪೇಪರಿನಲ್ಲಿ ಮಾತ್ರ. ಅದು ದಡ ಮುಟ್ಟಿದರೆ ನಮ್ಮಲ್ಲಿ ಮನೆ ಹಾರುವುದಿಲ್ಲ. ಎರಡು ಮೂರು ದಿನ ಸೂರ್ಯ ಕಾಣಿಸುವುದಿಲ್ಲ, ಅಷ್ಟೇ. ಜಿಟಿಜಿಟಿ ಮಳೆ, ಚಳಿಗಾಳಿ. ಇದಕ್ಕೆ 'ಮುಸುರು ಹಿಡ್ಕೊಂಡಿದೆ' ಅನ್ನುತ್ತೇವೆ. ಮುಸುರು ತೆಲುಗಿನ ಮಾತು. ಅದಕ್ಕೆ ಸರಿಸಮನಾದ ಕನ್ನಡದ ಮಾತು ನನಗೆ ಇನ್ನೂ ಸಿಕ್ಕಿಲ್ಲ.

ಕಷ್ಟ ಏನಪ್ಪಾ ಅಂದರೆ, ಕೆರೆ ತುಂಬಿಸುವ ಮಳೆಯೂ ಇದೇ, ರಾಗಿ ಹಾಳು ಮಾಡುವ ಮಳೆಯೂ ಇದೇ. ರಾಗಿ ಕೊಯ್ಲು ಬರುವುದೇ ನವೆಂಬರ್ ಕೊನೆಗೆ. ಅಜ್ಜಿಗೆ ಮಳೆ ಅಂದರೆ ನಕ್ಷತ್ರ. ಸ್ವಾತಿ, ವಿಶಾಖ, ಅನುರಾಧ ಅಂತ ಬೆರಳು ಮಡಿಸಿ ಲೆಕ್ಕ ಹಾಕುತ್ತಿದ್ದಳು. ಚಿಕ್ಕಪ್ಪನಿಗೆ ಫೋನು.

2024ರ ನವೆಂಬರ್ 27, ಬುಧವಾರ. ಚಿಕ್ಕಪ್ಪ ಎರಡು ಎಕರೆ ರಾಗಿ ಕೊಯ್ಸಿದ. ಮಷೀನಿಗೆ ಕಾಯಲಿಲ್ಲ. ಕೂಲಿಯವರು ಸಿಕ್ಕಿದ್ದರು, ಮಷೀನಿನಲ್ಲಿ ಕೊಯ್ದರೆ ಹಸುಗಳಿಗೆ ಹುಲ್ಲು ಸರಿಯಾಗಿ ಸಿಗುವುದಿಲ್ಲ ಅನ್ನುವುದು ಅವನ ವಾದ. ಕೊಯ್ದ ರಾಗಿ ಮೂರು ನಾಲ್ಕು ದಿನ ಹೊಲದಲ್ಲೇ ಒಣಗಬೇಕು, ಆಮೇಲೆ ಕಟ್ಟು ಕಟ್ಟಿ ಮೆದೆ ಹಾಕುವುದು. ಆ ವಾರ ಫೋನಿನಲ್ಲಿ ಒಂದು ದಿನ ಸೈಕ್ಲೋನ್ ಆಗುತ್ತದೆ ಅಂತ ಬರುತ್ತಿತ್ತು, ಮರುದಿನ ಆಗಲಿಕ್ಕಿಲ್ಲ ಅಂತ. ನಾನು ಬೆಂಗಳೂರಿನಿಂದ ಫೋನ್ ಮಾಡಿ "ಎರಡು ದಿನ ತಡಿ ಚಿಕ್ಕಪ್ಪ" ಅಂದೆ. "ಇನ್ನೂ ಹೆಸರೇ ಇಟ್ಟಿಲ್ಲ ಕಣೋ. ಹೆಸರಿಲ್ಲದ ತುಫಾನು ಎಲ್ಲಿ ಬರುತ್ತೆ ಬಿಡು" ಅಂದ.

ಶುಕ್ರವಾರ ಹೆಸರು ಬಂತು. ಫೆಂಗಲ್. ಶನಿವಾರ ರಾತ್ರಿ ಪುದುಚೇರಿ ಹತ್ತಿರ ದಡ ಹತ್ತಿತು. ಭಾನುವಾರ ನಮ್ಮೂರಿನಲ್ಲಿ ಮುಸುರು.

ಮಳೆ ಬಿಟ್ಟ ಮೇಲೆ ಹೊಲಕ್ಕೆ ಹೋದೆ. ಹೊನ್ನಿನ ಬಣ್ಣದ ಹುಲ್ಲು ಕಪ್ಪಗಾಗಿ, ಕೆಳಗಡೆ ಕೊಳೆತ ವಾಸನೆ ಹತ್ತಿತ್ತು. ಒಂದು ತೆನೆ ಎತ್ತಿ ಬಿಡಿಸಿದೆ. ಬೆರಳು ಮಡಚಿದ ಹಾಗೆ ಮುಚ್ಚಿಕೊಂಡಿದ್ದ ತೆನೆಯ ಸಂದಿನಲ್ಲಿ ಬೆಳ್ಳಗೆ ಮೊಳಕೆ, ಗುಂಡುಸೂಜಿಯ ಮೊನೆಯಷ್ಟು. ಚಿಕ್ಕಪ್ಪ ಬದುವಿನ ಮೇಲೆ ಕೂತಿದ್ದ. "ಬೆಂಗಳೂರಲ್ಲಿ ಮೊಳಕೆ ಕಟ್ಟಿದ ರಾಗಿ ಅಂತ ಡಬ್ಬಿಗೆ ತುಂಬಿ ಜಾಸ್ತಿ ರೇಟಿಗೆ ಮಾರ್ತಾರಂತಲ್ಲ? ನೋಡು, ನಮಗೆ ಸುಮ್ನೆ ಬಂತು" ಅಂದ. ನಗಲೂ ಆಗಲಿಲ್ಲ, ಸುಮ್ಮನಿರಲೂ ಆಗಲಿಲ್ಲ.

ಆಮೇಲೆ ಅವನಿಗೊಂದು ಹುಳ ಹೊಕ್ಕಿತು. ಈ ಹೆಸರು ಇಡುವವರು ಯಾರು? ಕೂತು ತಿಳಿಸಿದೆ. ಬಂಗಾಳ ಕೊಲ್ಲಿ, ಅರಬ್ಬಿ ಸಮುದ್ರಗಳ ಸುತ್ತಲಿನ ದೇಶಗಳದ್ದು ಒಂದು ಕೂಟ ಇದೆ. 1970ರಲ್ಲಿ ಈಗಿನ ಬಾಂಗ್ಲಾದೇಶದಲ್ಲಿ ಒಂದೇ ಚಂಡಮಾರುತಕ್ಕೆ ಲಕ್ಷಗಟ್ಟಲೆ ಜನ ಸತ್ತರು. ಅದಾಗಿ ಎರಡು ವರ್ಷಕ್ಕೆ, 1972ರಲ್ಲಿ, ವಿಶ್ವಸಂಸ್ಥೆಯ ಆಸರೆಯಲ್ಲಿ ಆ ಕೂಟ ಶುರುವಾಯಿತು. ಹೆಸರಿಡುವುದು 2004ರಿಂದ, ಆಗ ಎಂಟು ದೇಶ. ಈಗ ಹದಿಮೂರು. 2020ರಲ್ಲಿ ಒಂದೊಂದು ದೇಶ ಹದಿಮೂರು ಹೆಸರು ಕೊಟ್ಟು 169 ಹೆಸರಿನ ಪಟ್ಟಿ ಮಾಡಿದರು. ಗಾಳಿ ಗಂಟೆಗೆ 62 ಕಿಲೋಮೀಟರ್ ಮುಟ್ಟಿದರೆ ಸರದಿಯಲ್ಲಿರುವ ಹೆಸರು ಬೀಳುತ್ತದೆ. ಹೆಸರು ಹಾಕುವುದು, ಹದಿಮೂರೂ ದೇಶಗಳಿಗೆ ಮುನ್ಸೂಚನೆ ಕಳಿಸುವುದು ದೆಹಲಿಯ ಹವಾಮಾನ ಇಲಾಖೆ. ಫೆಂಗಲ್ ಸೌದಿ ಅರೇಬಿಯಾ ಕೊಟ್ಟದ್ದು. ಅದಕ್ಕೆ ಮುಂಚಿನ ದಾನಾ ಕತಾರಿನದು, ಅದಕ್ಕೂ ಮುಂಚಿನ ಅಸ್ನಾ ಪಾಕಿಸ್ತಾನದ್ದು.

"ಪಾಕಿಸ್ತಾನದವರೂ ಇದ್ದಾರಾ ಇದರಲ್ಲಿ?" ಚಿಕ್ಕಪ್ಪನಿಗೆ ನಂಬಿಕೆಯೇ ಬರಲಿಲ್ಲ. ಇದ್ದಾರೆ. ಇಬ್ಬರೇ ಸೇರಿ ಒಂದು ಕ್ರಿಕೆಟ್ ಸರಣಿ ಆಡುವುದಕ್ಕೂ ಆಗದವರು ಗಾಳಿಯ ಲೆಕ್ಕ ಮಾತ್ರ ಒಟ್ಟಿಗೆ ಬರೆಯುತ್ತಾರೆ. ಯಾಕೆ ಅಂದರೆ ಗಾಳಿಗೆ ಚೆಕ್‌ಪೋಸ್ಟ್ ಇಲ್ಲ. ನಂಗಲಿಯಲ್ಲಿ ಲಾರಿಗಳು ಸಾಲುಗಟ್ಟಿ ನಿಂತಿದ್ದನ್ನು ನೋಡಿ ಬೆಳೆದ ನಮಗೆ ಇದು ಬೇಗ ಅರ್ಥ ಆಗುತ್ತದೆ.

ಕಡಲಿನ ವಿಷಯಕ್ಕೆ ಇಂಥ ಕೂಟ ಇನ್ನೂ ಇವೆ. ಮೀನುಗಾರಿಕೆಗೆ ಅಂತ ಭಾರತ, ಬಾಂಗ್ಲಾದೇಶ, ಶ್ರೀಲಂಕಾ, ಮಾಲ್ಡೀವ್ಸ್ ಸೇರಿ ಮಾಡಿಕೊಂಡ ಸಂಸ್ಥೆಯ ಕಚೇರಿ ಚೆನ್ನೈನಲ್ಲೇ ಇದೆ. ದಕ್ಷಿಣ ಏಷ್ಯಾದ ಐದು ದೇಶಗಳು 1995ರಲ್ಲೇ ತಮ್ಮ ಸಮುದ್ರಗಳನ್ನು ಕಾಪಾಡಲು ಒಂದು ಯೋಜನೆ ಒಪ್ಪಿಕೊಂಡಿವೆ. ಕಾಗದದ ಮೇಲೆ ಎಲ್ಲಾ ಚೆನ್ನಾಗಿದೆ. ಚಂಡಮಾರುತದ್ದು ಕೆಲಸಕ್ಕೆ ಬಂದಷ್ಟು ಉಳಿದವು ಬಂದಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಸಾವು ಎದುರಿಗೆ ನಿಂತಾಗ ಒಪ್ಪಂದ ಬೇಗ ಆಗುತ್ತದೆ. ಪ್ಲಾಸ್ಟಿಕ್ಕು, ಮರಳು ನಿಧಾನದ ವ್ಯವಹಾರ, ಯಾರಿಗೂ ಅವಸರ ಇಲ್ಲ.

ಮೀನಿನ ಮಾತು ಬಂತು, ಹೇಳಿಬಿಡುತ್ತೇನೆ. ನಮ್ಮ ಸಂತೆಗೆ ಎರಡೂ ಕಡಲಿನ ಮೀನು ಬರುತ್ತದೆ. ಪೂರ್ವದ ಕರಾವಳಿಯಲ್ಲಿ ಏಪ್ರಿಲ್ 15ರಿಂದ ಜೂನ್ 14ರವರೆಗೆ ಯಾಂತ್ರಿಕ ಬೋಟು ಇಳಿಸುವಂತಿಲ್ಲ. ನಿಮ್ಮಲ್ಲಿ ಜೂನ್ 1ರಿಂದ ಜುಲೈ 31. ಎರಡೂ ಕಡೆ 61 ದಿನ. ಹಾಗಾಗಿ ಜೂನ್ ಮೊದಲ ಎರಡು ವಾರ ಎರಡೂ ಬಾಗಿಲು ಮುಚ್ಚಿರುತ್ತವೆ. ಆವಾಗ ಕೆರೆಯ ಕಟ್ಲಾ, ರೋಹು, ಇಲ್ಲಾ ಒಣಮೀನು. ಒಣಮೀನಿಗೆ ಬದನೆಕಾಯಿ ಹಾಕಿದ ಸಾರು, ಬಿಸಿ ಮುದ್ದೆ. ನೀವು ತಾಜಾ ಬಂಗುಡೆ ತಿಂದು ಬೆಳೆದವರು, ಮೂಗು ಮುರಿಯುತ್ತೀರಿ. ಒಂದು ಸಲ ಉಂಡು ನೋಡಿ.

ಇಷ್ಟು ಹೊತ್ತು ಕಡಲು ನಮಗೆ ಕೊಡುವುದನ್ನು ಹೇಳಿದೆ. ನಾವು ಕಡಲಿಗೆ ಏನು ಕೊಡುತ್ತೇವೆ ಅನ್ನುವುದು ಸ್ವಲ್ಪ ನಾಚಿಕೆಯ ಕಥೆ.

ಪಾಲಾರ್, ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ ಮೂರೂ ನಮ್ಮ ಕೋಲಾರ, ಚಿಕ್ಕಬಳ್ಳಾಪುರದ ಬೆಟ್ಟಗುಡ್ಡಗಳಿಂದ ಹೊರಟವು. ಪಾಲಾರ್ ಬೇತಮಂಗಲದ ಕೆರೆ ದಾಟಿ ಆಂಧ್ರ ಹೊಕ್ಕು, ತಮಿಳುನಾಡು ಸುತ್ತಿ ಕಲ್ಪಾಕ್ಕಂ ಹತ್ತಿರ ಕಡಲು ಸೇರುತ್ತದೆ. ದಕ್ಷಿಣ ಪಿನಾಕಿನಿ ಕಡಲೂರಿಗೆ, ಉತ್ತರದ್ದು ನೆಲ್ಲೂರಿಗೆ. ನದಿ ಅಂದೆ ಅಂತ ನಿಮ್ಮ ಸೌಪರ್ಣಿಕಾ ಥರ ಊಹಿಸಿಕೊಳ್ಳಬೇಡಿ. ವರ್ಷದಲ್ಲಿ ಹನ್ನೊಂದು ತಿಂಗಳು ಅದು ಜಾಲಿಮುಳ್ಳಿನ ಹಳ್ಳ. ಈ ಒಣ ಹಳ್ಳಗಳಿಗೂ ಒಪ್ಪಂದ ಉಂಟು. 1892ರಲ್ಲಿ ಮದರಾಸು ಮತ್ತು ಮೈಸೂರು ಸರ್ಕಾರಗಳು ಮಾಡಿಕೊಂಡದ್ದು. ಈ ಹೊಳೆಗಳ ಮೇಲೆ ಹೊಸದಾಗಿ ನೀರಾವರಿ ಕಟ್ಟೆ ಕಟ್ಟುವ ಮುಂಚೆ ಮದರಾಸಿನ ಒಪ್ಪಿಗೆ ಬೇಕು ಅಂತ. ಆ ಹಳೇ ಕಾಗದ ಹಿಡಿದು ನಮ್ಮ ಕಾಲದಲ್ಲೂ ಕೋರ್ಟಿನಲ್ಲಿ ವಾದ ನಡೆದಿದೆ.

ಊರಿನಲ್ಲಿ ಇದೇ ಜಗಳ ಸಣ್ಣದಾಗಿ ನಡೆಯುತ್ತದೆ. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಕೆಳಗಿನ ಕೆರೆಗೆ ನೀರು. ಕೋಡಿಯ ಕಲ್ಲು ಎಷ್ಟು ಎತ್ತರ ಅನ್ನುವುದು ತಾತನ ಕಾಲದ ಲೆಕ್ಕ, ಯಾರೂ ಏರಿಸುವಂತಿಲ್ಲ. ಆದರೂ ಒಳ್ಳೆ ಮಳೆ ಬಂದ ವರ್ಷ ಮೇಲಿನವರು ಕತ್ತಲಲ್ಲಿ ಮರಳಿನ ಮೂಟೆ ಇಡುತ್ತಾರೆ, ಕೆಳಗಿನವರು ಬೆಳಗಿನ ಜಾವ ಬಂದು ಎತ್ತಿ ಹಾಕುತ್ತಾರೆ. ಮುಂಚೆ ಕೆರೆ ನೀರು ಹಂಚುವ ನೀರುಗಂಟಿ ಇದ್ದ. ಅವನ ಮಾತು ಎರಡೂ ಊರಿಗೆ ನಡೆಯುತ್ತಿತ್ತು.

2021ರ ನವೆಂಬರಿನಲ್ಲಿ ನಮ್ಮ ಕೆರೆ ಕೋಡಿ ಬಿತ್ತು. ನಾನು ಹುಟ್ಟಿದ ಮೇಲೆ ಸರಿಯಾಗಿ ನೋಡಿದ್ದು ಅದೇ ಮೊದಲು. ಹೆಂಗಸರು ಅರಿಶಿನ ಕುಂಕುಮ ತಂದರು, ಗಂಗಮ್ಮನಿಗೆ ಕುರಿ ಬಿತ್ತು. ಮೂರನೇ ದಿನ ಆಂಧ್ರದ ಅತ್ತೆ ಫೋನ್ ಮಾಡಿದಳು. "ಮೀ ನೀಳ್ಳು ವಚ್ಚಿನಾಯಿರಾ!" ನಿಮ್ಮ ನೀರು ಬಂತು ಕಣೋ ಅಂತ. ಎಷ್ಟು ಖುಷಿ ಆ ದನಿಯಲ್ಲಿ. ಮರುದಿನ ಅವಳೇ ಇನ್ನೊಂದು ಮಾತು ಹೇಳಿದಳು. ನೀರಿನ ಜೊತೆ ನಿಮ್ಮೂರಿನ ಕರಿ ಕವರೂ ಬಂದಿದೆ, ಬೇಲಿ ತುಂಬಾ ಸಿಕ್ಕಿಕೊಂಡಿದೆ ಅಂತ.

ಕರಿ ಕವರು ಅಂದರೆ ಮಲ್ಚಿಂಗ್ ಶೀಟು. ಕೋಲಾರದ ಟೊಮ್ಯಾಟೊ ನೀವು ತಿಂದೇ ಇರುತ್ತೀರಿ. ಸಾಲಿನ ಮೇಲೆ ತೆಳುವಾದ ಪ್ಲಾಸ್ಟಿಕ್ ಹಾಸಿ, ತೂತು ಮಾಡಿ ಸಸಿ ನೆಡುತ್ತೇವೆ. ಕಳೆ ಬರುವುದಿಲ್ಲ, ಬೋರ್‌ವೆಲ್ ನೀರು ಉಳಿಯುತ್ತದೆ. ಸಾವಿರ ಅಡಿ ಕೊರೆಸಿ ತೆಗೆದ ನೀರು, ಉಳಿಸದೆ ವಿಧಿ ಇಲ್ಲ. ಆದರೆ ಬೆಳೆ ಮುಗಿದ ಮೇಲೆ ಆ ಶೀಟು ಎತ್ತಲು ಹೋದರೆ ಹಪ್ಪಳದ ಹಾಗೆ ಪುಡಿಯಾಗುತ್ತದೆ. ಅರ್ಧ ಮಣ್ಣಿಗೆ, ಅರ್ಧ ಬದುವಿನ ಬೆಂಕಿಗೆ. ರೇಟು ಬಿದ್ದ ವರ್ಷ ಎತ್ತುವ ಕೂಲಿಯೂ ಹುಟ್ಟುವುದಿಲ್ಲ, ಹಾಗೇ ಉತ್ತುಬಿಡುತ್ತಾರೆ. ನಾವೂ ಉತ್ತಿದ್ದೇವೆ. ಮಳೆ ಜೋರಾಗಿ ಬಂದರೆ ಚೂರುಗಳು ಕಾಲುವೆಗೆ, ಕೆರೆಗೆ, ಕೋಡಿಗೆ, ಅತ್ತೆಯ ಬೇಲಿಗೆ. ಬೇಲಿಗೆ ಸಿಗದೆ ತಪ್ಪಿಸಿಕೊಂಡದ್ದು ಪಾಲಾರಿಗೆ. ಕಡಲಿನ ಪ್ಲಾಸ್ಟಿಕ್ ಅಂದರೆ ಬೀಚಿಗೆ ಬಂದವರು ಎಸೆದ ಬಾಟಲಿ ಅಂತ ನೀವು ಬೈಯುತ್ತೀರಿ. ನಮ್ಮದೂ ಇದೆ ಅದರಲ್ಲಿ.

ಮರಳಿನದ್ದು ಇದರ ಉಲ್ಟಾ. ಹೋಗಬೇಕಾದದ್ದು ಹೋಗುತ್ತಿಲ್ಲ. ಹೊಳೆ ತಂದು ಹಾಕುವ ಮರಳೇ ಕಡಲ ದಂಡೆಗೆ ಊಟ. ಅದು ನಿಂತರೆ ಕಡಲು ದಂಡೆಯನ್ನೇ ತಿನ್ನಲು ಶುರು ಮಾಡುತ್ತದೆ. ನಮ್ಮ ಹೊಳೆಗಳ ಮರಳು ಬೆಂಗಳೂರಿನ ಗೋಡೆಗಳಲ್ಲಿ ಇದೆ. ಹೊಳೆ ಖಾಲಿಯಾದ ಮೇಲೆ ಫಿಲ್ಟರ್ ಮರಳು ಬಂತು. ಕೆರೆಯಂಗಳದ ಮಣ್ಣು ಬಗೆದು, ಬೋರ್‌ವೆಲ್ ನೀರು ಬಿಟ್ಟು ತೊಳೆದು, ಕೆಸರು ಹರಿಯಬಿಟ್ಟು ಮರಳು ಸೋಸುವುದು. ರಾತ್ರಿ ಕೆಲಸ. ಕುಡಿಯಲು ನೀರಿಲ್ಲದ ಜಿಲ್ಲೆಯಲ್ಲಿ ನೀರು ಸುರಿದು ಮಣ್ಣು ತೊಳೆದರು ಅಂದರೆ ಹೊರಗಿನವರು ನಂಬುವುದಿಲ್ಲ. ಆ ಗುಂಡಿಗಳು ಇನ್ನೂ ಇವೆ, ಬನ್ನಿ ತೋರಿಸುತ್ತೇನೆ.

ಇನ್ನು ಕೆಸಿ ವ್ಯಾಲಿ, ಅಂದರೆ ಕೋರಮಂಗಲ-ಚಲ್ಲಘಟ್ಟ ಕಣಿವೆಯ ನೀರು. ಬೆಂಗಳೂರಿನ ಕೊಳಚೆಯನ್ನು ಎರಡು ಹಂತ ಶುದ್ಧಿ ಮಾಡಿ ನಮ್ಮ ಕೆರೆಗಳಿಗೆ ಹರಿಸುವ ಯೋಜನೆ. ದಿನಕ್ಕೆ 440 ದಶಲಕ್ಷ ಲೀಟರ್, 126 ಕೆರೆ ಅಂತ ಲೆಕ್ಕ ಇಟ್ಟು ಶುರು ಮಾಡಿದರು. 2018ರ ಜೂನಿನಲ್ಲಿ ಮೊದಲು ಲಕ್ಷ್ಮೀಸಾಗರ ಕೆರೆಗೆ ಬಂತು. ನೊರೆ ಬಂತು, ಕೋರ್ಟಿಗೆ ಹೋಯಿತು, ಮತ್ತೆ ಹರಿಯಿತು. ಬೋರ್‌ವೆಲ್‌ನಲ್ಲಿ ನೀರು ಮೇಲೆ ಬಂತು ಅನ್ನುವವರೂ ಇದ್ದಾರೆ, ಮೂರನೇ ಹಂತದ ಶುದ್ಧಿ ಬೇಕೇ ಬೇಕು ಅನ್ನುವವರೂ ಇದ್ದಾರೆ. ಎರಡೂ ಸರಿ ಅನ್ನಿಸುತ್ತದೆ ನನಗೆ. ಆದರೆ ಇದನ್ನು ನೋಡಿ: ಮುಂಚೆ ಈ ನೀರು ಬೆಳ್ಳಂದೂರು, ವರ್ತೂರು ದಾಟಿ ದಕ್ಷಿಣ ಪಿನಾಕಿನಿ ಸೇರಿ ತಮಿಳುನಾಡಿಗೆ ಹೋಗುತ್ತಿತ್ತು. ಹೊಸೂರಿನ ಕೆಲವರಪಳ್ಳಿ ಅಣೆಕಟ್ಟಿನಲ್ಲಿ ಸೋಪಿನ ನೊರೆ ಬೆಟ್ಟದ ಹಾಗೆ ಏಳುವುದನ್ನು ನೀವು ಟಿವಿಯಲ್ಲಿ ನೋಡಿರಬಹುದು. ನಮಗೆ ತಿರುಗಿಸಿಕೊಂಡರೆ ಅವರಿಗೆ ನೀರು ಕಮ್ಮಿ. ತಿರುಗಿಸದಿದ್ದರೆ ಅವರಿಗೆ ನೊರೆ. ಫೆಂಗಲ್ ಬಂದಾಗ ಇದೇ ಹೊಳೆ ಸಾತನೂರು ಅಣೆಕಟ್ಟು ತುಂಬಿಸಿ ವಿಳುಪ್ಪುರಂ, ಕಡಲೂರಿನ ಕಡೆ ಊರುಗಳಿಗೆ ನುಗ್ಗಿತು. ನಮ್ಮ ರಾಗಿ ಹೋದದ್ದು ಅದರ ಮುಂದೆ ಏನೂ ಅಲ್ಲ.

2025ರ ನವೆಂಬರ್ ಕೊನೆಗೆ ಮತ್ತೆ ಬಂತು. ಈ ಸಲ ದಿತ್ವಾ, ಯೆಮೆನ್ ದೇಶದ ಹೆಸರು. ಶ್ರೀಲಂಕಾದಲ್ಲಿ ನೂರಾರು ಜನರನ್ನು ನುಂಗಿ ತಮಿಳುನಾಡಿನ ಕಡೆ ತಿರುಗಿತು. ನಮ್ಮ ಹೊಲದಲ್ಲಿ ರಾಗಿ ಬಲಿತು ನಿಂತಿತ್ತು. ಪಕ್ಕದ ಹೊಲದವರು ಕೊಯ್ಲು ಮುಗಿಸಿ ಟಾರ್ಪಾಲು ಹುಡುಕುತ್ತಿದ್ದರು. ಚಿಕ್ಕಪ್ಪ ಆ ವಾರ ಕುಡುಗೋಲು ಮುಟ್ಟಲಿಲ್ಲ. ಕಂಬಳಿ ಹೊದ್ದು ಜಗುಲಿಯ ಮೇಲೆ ಕೂತು ಬೀಡಿ ಸೇದಿದ.

ನಾನು ಹೊರಡುವಾಗ ಕೇಳಿದ, "ಮುಂದೆ ಯಾರ ಸರದಿ?"

ಬಾಂಗ್ಲಾದೇಶದ ಅರ್ನಬ್, ಅದಾದ ಮೇಲೆ ನಮ್ಮ ದೇಶದ್ದು, ಮುರಸು ಅಂದೆ.

"ಮುರಸು ಅಂದರೆ?"

"ತಮಿಳಿನಲ್ಲಿ ನಗಾರಿ."

"ಸದ್ಯ. ಬಾರಿಸಿಕೊಂಡು ಬರುತ್ತೆ ಅಂತಾಯ್ತು" ಅಂದು ಬೀಡಿ ಆರಿಸಿದ.