ಸ್ಕಾಲರ್‌ಶಿಪ್ ಪತ್ರದ ಎರಡನೇ ಪುಟ

ಸಿಇಟಿ ಫಲಿತಾಂಶ ಬಂದ ಮೇಲೆ ಮೈಸೂರಿನ ಸರಸ್ವತಿಪುರಂನಲ್ಲಿರುವ ನನ್ನ ಆಪ್ತಸಲಹೆಯ ಕೊಠಡಿಗೆ ಬರುವ ತಂದೆತಾಯಿಯರು ಈಚೆಗೆ ಅಂಕಪಟ್ಟಿಗಿಂತ ಮೊದಲು ಮೇಜಿನ ಮೇಲಿಡುವುದು ಒಂದು ದಪ್ಪ ಕಾಗದದ ಪತ್ರವನ್ನು. ಮೇಲೆ ಬಂಗಾರದ ಬಣ್ಣದ ಲಾಂಛನ, ನಡುವೆ ಮಗುವಿನ ಹೆಸರು, ಅದರ ಕೆಳಗೆ ‘ಪ್ರತಿಭಾ ವಿದ್ಯಾರ್ಥಿವೇತನ’. ಕಳಿಸಿದವರು ಯಾವುದೋ ಖಾಸಗಿ ವಿಶ್ವವಿದ್ಯಾಲಯದವರು. ಈ ಮನೆಗಳ ಕಥೆ ಒಂದನ್ನೊಂದು ಎಷ್ಟು ಹೋಲುತ್ತದೆಂದರೆ, ಇಲ್ಲಿ ಬರೆಯುತ್ತಿರುವ ಪ್ರಕರಣದ ಗುರುತು ಮರೆಸುವುದು ಕಷ್ಟವೇ ಆಗಲಿಲ್ಲ. ಮೊತ್ತಗಳನ್ನೂ ಕೆಲವು ವಿವರಗಳನ್ನೂ ಬದಲಿಸಿದ್ದೇನೆ, ಅಷ್ಟೆ.

ಮಂಡ್ಯ ಜಿಲ್ಲೆಯ ನಾಲೆ ಬಯಲಿನ ಹಳ್ಳಿ, ಎರಡು ಎಕರೆ ಚಿಲ್ಲರೆ ಕಬ್ಬು. ಹುಡುಗಿ ದ್ವಿತೀಯ ಪಿಯುಸಿಯಲ್ಲಿ 94% ತೆಗೆದಿದ್ದಳು. ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕಗಳೂ ಸಿಇಟಿ ಅಂಕಗಳೂ ಅರ್ಧರ್ಧ ಸೇರುವುದರಿಂದ ಅವಳ ರ‍್ಯಾಂಕ್ ಕೂಡ ಚೆನ್ನಾಗಿಯೇ ಇತ್ತು. ಮೊದಲ ಸುತ್ತಿನಲ್ಲಿ ಮೈಸೂರಿನ ಹಳೆಯ ಕಾಲೇಜೊಂದರಲ್ಲಿ ಎಲೆಕ್ಟ್ರಾನಿಕ್ಸ್ ವಿಭಾಗದ ಅನುದಾನಿತ ಸೀಟು ಹಂಚಿಕೆಯಾಗಿತ್ತು. ಇನ್ನೊಂದು ಕೈಯಲ್ಲಿ ಬೆಂಗಳೂರಿನ ಹೊರವಲಯದ ವಿಶ್ವವಿದ್ಯಾಲಯದ ಕಂಪ್ಯೂಟರ್ ಸೈನ್ಸ್ ಸೀಟು, ಬೋಧನಾ ಶುಲ್ಕದಲ್ಲಿ ಅರ್ಧ ಮನ್ನಾ. ಮೂರು ದಿನದೊಳಗೆ ಐವತ್ತು ಸಾವಿರ ಕಟ್ಟದಿದ್ದರೆ ಮನ್ನಾ ರದ್ದು.

ಬಂದವರು ನಾಲ್ವರು: ತಂದೆ, ತಾಯಿ, ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಸೋದರಮಾವ ಮತ್ತು ಹುಡುಗಿ. ಮಾತೆಲ್ಲ ಮಾವನದೇ. ಆ ಸಂಸ್ಥೆಯ ಹೆಸರು ಹೇಳಿದರೆ ಕಂಪನಿಗಳ ಬಾಗಿಲು ತೆರೆಯುತ್ತದೆ, ಮೈಸೂರಿನಲ್ಲಿ ಓದಿದವರನ್ನು ಯಾರು ಕೇಳುತ್ತಾರೆ ಎಂದರು. ಮೈಸೂರಿನಲ್ಲಿ ಕೂತು ಈ ಮಾತು ಕೇಳುವುದಕ್ಕೆ ಸ್ವಲ್ಪ ತಾಳ್ಮೆ ಬೇಕು. ಇಲ್ಲಿನ ಎಂಜಿನಿಯರಿಂಗ್ ಕಾಲೇಜುಗಳನ್ನೇ ನೋಡಿ: ಎನ್‌ಐಇ ಶುರುವಾದದ್ದು 1946ರಲ್ಲಿ, ಮಂಡ್ಯದ ಪಿಇಎಸ್ 1962ರಲ್ಲಿ, ಎಸ್‌ಜೆಸಿಇ 1963ರಲ್ಲಿ. ಇಲ್ಲಿ ಓದಿದವರು ದೇಶ ವಿದೇಶಗಳಲ್ಲಿ ಎಲ್ಲೆಲ್ಲಿದ್ದಾರೆ ಎಂದು ಹೇಳಹೊರಟರೆ ಸಂಜೆಯಾಗುತ್ತದೆ. ನಾನು ಹೇಳಲಿಲ್ಲ. ತಂದೆ ನಡುವೆ ಒಂದೇ ಮಾತು ಸೇರಿಸಿದರು: “ಊರಿನಲ್ಲಿ ಫ್ಲೆಕ್ಸ್ ಹಾಕಿಸಿಬಿಟ್ಟಿದ್ದಾರೆ, ಮೇಡಂ.” ಬಸ್ ನಿಲ್ದಾಣದಲ್ಲಿ ಮಗಳ ಭಾವಚಿತ್ರ, ಆ ವಿಶ್ವವಿದ್ಯಾಲಯದ ಹೆಸರು, ‘ಸ್ಕಾಲರ್‌ಶಿಪ್ ಪಡೆದ ಗ್ರಾಮದ ಹೆಮ್ಮೆ’. ಹಾಕಿಸಿದವರು ಅವಳ ಪಿಯು ಕಾಲೇಜಿನವರು.

ಪತ್ರವನ್ನು ಗಟ್ಟಿಯಾಗಿ ಓದು ಎಂದು ಹುಡುಗಿಗೆ ಹೇಳಿದೆ. ಮೊದಲ ಪುಟವನ್ನು ಬಾಯಿಪಾಠದಂತೆ ಒಪ್ಪಿಸಿದಳು. ಎರಡನೇ ಪುಟದ ಸಣ್ಣಕ್ಷರಕ್ಕೆ ಬಂದಾಗ ನಿಧಾನವಾಯಿತು. ಪ್ರತಿ ವರ್ಷ ಸಿಜಿಪಿಎ (ಹತ್ತರ ಲೆಕ್ಕದ ಸರಾಸರಿ ಅಂಕ) 8.5ಕ್ಕಿಂತ ಕೆಳಗಿಳಿಯಬಾರದು. ತರಗತಿಯ ಮೇಲಿನ ಕಾಲು ಭಾಗದಲ್ಲಿರಬೇಕು. ಒಂದು ವಿಷಯವೂ ಬಾಕಿ ಉಳಿಯಬಾರದು. ಒಮ್ಮೆ ತಪ್ಪಿದ ಮನ್ನಾ ಮತ್ತೆ ಸಿಗುವುದಿಲ್ಲ. ಮನ್ನಾ ಬೋಧನಾ ಶುಲ್ಕಕ್ಕೆ ಮಾತ್ರ. ಹಾಸ್ಟೆಲ್ ಕಡ್ಡಾಯ. ಶುಲ್ಕ ಪರಿಷ್ಕರಣೆಯ ಹಕ್ಕು ವಿಶ್ವವಿದ್ಯಾಲಯದ್ದು.

ಮಾವ “ಅದೆಲ್ಲ ಎಲ್ಲ ಕಡೆಯೂ ಇರುತ್ತದೆ” ಎಂದರು. ತಂದೆ ಮಾತ್ರ ಪತ್ರವನ್ನು ಈಸಿಕೊಂಡು ಆ ಸಾಲುಗಳ ಮೇಲೆ ಬೆರಳಿಟ್ಟರು.

“ಪರೀಕ್ಷೆ ಮಾಡುವವರು ಯಾರು?”

ಅವರೇ, ಎಂದೆ.

“ಪೇಪರ್ ನೋಡುವವರು?”

ಅವರೇ.

“ಇವಳ ಅಂಕ ಇಳಿದರೆ ದುಡ್ಡು ಉಳಿಯುವುದು ಯಾರಿಗೆ?”

ಯಾರೂ ಉತ್ತರ ಕೊಡಲಿಲ್ಲ. ತಂದೆಯೇ ಮುಂದುವರಿಸಿದರು: “ಕಬ್ಬಿನ ದರವೂ ಹೀಗೆಯೇ ಮೇಡಂ. ಸಕ್ಕರೆ ಇಳುವರಿ ನೋಡಿ ದರ. ಇಳುವರಿ ಅಳೆಯುವುದು ಕಾರ್ಖಾನೆಯಲ್ಲಿ. ತೂಕವೂ ಅವರದೇ. ನಾವು ಚೀಟಿ ಇಸಿದುಕೊಂಡು ಬರುವುದು.”

ಕೇಂದ್ರ ಸರ್ಕಾರ ಗೊತ್ತುಪಡಿಸುವ ಕಬ್ಬಿನ ಎಫ್‌ಆರ್‌ಪಿ (ಕಾರ್ಖಾನೆ ಕೊಡಲೇಬೇಕಾದ ಕನಿಷ್ಠ ದರ) ಈಚಿನ ವರ್ಷಗಳಲ್ಲಿ 10.25% ಸಕ್ಕರೆ ಇಳುವರಿಗೆ ಕಟ್ಟಿದ್ದು. ಅದಕ್ಕಿಂತ ಹೆಚ್ಚು ಬಂದರೆ ಹೆಚ್ಚು ಹಣ. ಆ ದಶಾಂಶಗಳ ಮೇಲೆ ವರ್ಷಗಟ್ಟಲೆ ಜಗಳವಾಡಿದ ಮನುಷ್ಯನಿಗೆ ಸಿಜಿಪಿಎ ಎಂದರೇನು ಎಂದು ನಾನು ವಿವರಿಸಬೇಕಾಗಲೇ ಇಲ್ಲ. ಆ ವಿಶ್ವವಿದ್ಯಾಲಯದವರು ಬೇಕೆಂದೇ ಅಂಕ ಕತ್ತರಿಸುತ್ತಾರೆ ಎಂದು ನಾನು ಹೇಳುತ್ತಿಲ್ಲ, ಹಾಗೆ ಹೇಳಲು ನನ್ನ ಬಳಿ ಆಧಾರವೂ ಇಲ್ಲ. ಯಾರೂ ಕತ್ತರಿಸಬೇಕಾಗಿಯೂ ಇಲ್ಲ. ಮನ್ನಾ ಪಡೆದ ನೂರು ಮಕ್ಕಳನ್ನು ಒಂದೇ ವಿಭಾಗದಲ್ಲಿ ಕೂರಿಸಿ ‘ಮೇಲಿನ ಕಾಲು ಭಾಗ’ ಎಂದರೆ, ಎಲ್ಲರೂ ಎಷ್ಟೇ ಚೆನ್ನಾಗಿ ಓದಲಿ, ಎಪ್ಪತ್ತೈದು ಮನೆಗಳಿಗೆ ಎರಡನೇ ವರ್ಷ ಪೂರ್ತಿ ಶುಲ್ಕದ ಚೀಟಿ ಹೋಗುತ್ತದೆ.

ಲೆಕ್ಕ ಹಾಕಿದೆವು. ಬೋಧನಾ ಶುಲ್ಕ ನಾಲ್ಕು ಲಕ್ಷ, ಅರ್ಧ ಮನ್ನಾ, ಹಾಸ್ಟೆಲ್ ಊಟ ಒಂದೂವರೆ ಲಕ್ಷ. ಮನ್ನಾ ಕೊನೆತನಕ ಉಳಿದರೆ ನಾಲ್ಕು ವರ್ಷಕ್ಕೆ ಹದಿನಾಲ್ಕು ಲಕ್ಷ. ಮೊದಲ ವರ್ಷಕ್ಕೇ ತಪ್ಪಿದರೆ ಇಪ್ಪತ್ತು. ಮೈಸೂರಿನ ಸೀಟಿಗೆ ಹಾಸ್ಟೆಲ್ ಸೇರಿ ಇಪ್ಪತ್ತರ ಕಾಲು ಭಾಗದ ಆಸುಪಾಸು. ಹದಿನಾಲ್ಕಕ್ಕೆ ಒಂದು ಎಕರೆ ಆಧಾರ ಮಾಡುವುದೆಂದು ಮನೆಯಲ್ಲಿ ಆಗಲೇ ತೀರ್ಮಾನವಾಗಿತ್ತು. ಇಪ್ಪತ್ತರ ಮಾತನ್ನು ಯಾರೂ ಆಡಿರಲಿಲ್ಲ.

ಇಲ್ಲಿಗೆ ವಿಷಯ ಇತ್ಯರ್ಥವಾದಂತೆ ಕಂಡಿತು. ಮಾವ ಯಾರಿಗೋ ಫೋನ್ ಮಾಡಲು ಹೊರಗೆ ಹೋದರು, ತಂದೆಯೂ ಹಿಂದೆಯೇ ಹೋದರು. ಹುಡುಗಿಯ ಮುಖದಲ್ಲಿ ಮಾತ್ರ ನೆಮ್ಮದಿ ಇರಲಿಲ್ಲ. ಆ ಸಂಸ್ಥೆಯ ಹೆಸರು ಅಷ್ಟು ಇಷ್ಟವೇ ಎಂದು ಕೇಳಿದೆ.

“ಹೆಸರಲ್ಲ ಮೇಡಂ. ಅಲ್ಲಿ ಹಾಸ್ಟೆಲ್ ಕಡ್ಡಾಯ.”

ಅರ್ಥವಾಗದೆ ನೋಡಿದೆ. “ಮೈಸೂರು ಎಂದರೆ ಮನೆಯಿಂದಲೇ ಓಡಾಡು ಎನ್ನುತ್ತಾರೆ. ಅಕ್ಕನೂ ಹಾಗೆಯೇ ಓಡಾಡಿದಳು. ಬೆಳಿಗ್ಗೆ ಆರರ ಬಸ್ಸು, ಬಂದ ಮೇಲೆ ಕೊಟ್ಟಿಗೆ ಕೆಲಸ. ಎರಡನೇ ವರ್ಷ ಎರಡು ವಿಷಯ ಹೋಯಿತು. ಓದುವುದಿಲ್ಲ ಎಂದು ಮದುವೆ ಮಾಡಿದರು.”

ತಾಯಿ ಅಷ್ಟು ಹೊತ್ತಿನಲ್ಲಿ ಮೊದಲ ಬಾರಿಗೆ ಬಾಯಿ ತೆರೆದರು. “ಅವಳು ಹೇಳುವುದು ನಿಜ. ನಾನೇ ಕೆಲಸ ಹೇಳುತ್ತಿದ್ದೆ.”

ಮಗಳು ಎರಡನೇ ಪುಟವನ್ನು ನಾನು ಓದಿಸುವ ಮೊದಲೇ ಓದಿದ್ದಳು. ನಾನು ಬಲೆ ಎಂದುಕೊಂಡ ಸಾಲೇ ಅವಳಿಗೆ ಬಿಡುಗಡೆಯ ಸಾಲಾಗಿತ್ತು. “ನನಗೆ ಮನೆಯಿಂದ ದೂರ ಇದ್ದು ಓದಬೇಕು” ಎಂದು ಅವಳು ಹೇಳಿದರೆ ಆ ಮನೆಯಲ್ಲಿ ಕೇಳುವವರಿಲ್ಲ. ದೊಡ್ಡ ಕಾಲೇಜು ಕರೆದಿದೆ ಎಂದರೆ ಊರೇ ಫ್ಲೆಕ್ಸ್ ಹಾಕುತ್ತದೆ. ಕಾಲೇಜಿನ ಹೆಸರಿನಿಂದ ಮಾವನಿಗೆ ಬೇಕಾದದ್ದು ಒಂದು, ತಂದೆಗೆ ಬೇಕಾದದ್ದು ಇನ್ನೊಂದು, ಅವಳಿಗೆ ಬೇಕಾದದ್ದು ಒಂದು ಮಂಚ, ಒಂದು ಮೇಜು ಮತ್ತು ಸಂಜೆ ಆರರ ನಂತರದ ನಾಲ್ಕು ಗಂಟೆ. ಅದಕ್ಕೆ ಇಪ್ಪತ್ತು ಲಕ್ಷ ಕೊಡಬೇಕಾಗಿರಲಿಲ್ಲ.

ಯಾವ ಕಾಲೇಜು ಎಂದು ನಾನು ಸಾಮಾನ್ಯವಾಗಿ ಹೇಳುವುದಿಲ್ಲ. ಆಯ್ಕೆಗಳನ್ನು ಬಿಡಿಸಿಡುವುದಷ್ಟೇ ಆಪ್ತಸಲಹೆಗಾರರ ಕೆಲಸ ಎಂದೇ ನಮಗೆ ಕಲಿಸುತ್ತಾರೆ. ಇಲ್ಲಿ ನೇರವಾಗಿ ಹೇಳಿದೆ: ಮೈಸೂರಿನ ಸೀಟು ತೆಗೆದುಕೊಳ್ಳಿ, ಆದರೆ ಹಾಸ್ಟೆಲ್ ಸೇರಿಸುವುದಾದರೆ ಮಾತ್ರ. ಮನೆಯಿಂದ ಓಡಾಡಿಸುವುದಾದರೆ ನನ್ನ ಸಲಹೆ ಇದಲ್ಲ ಎಂದೂ ಹೇಳಿದೆ. ತಂದೆ ಒಳಗೆ ಬಂದ ಮೇಲೆ ಈ ಮಾತನ್ನು ಮಗಳ ಎದುರಿಗೇ ಮತ್ತೆ ಆಡಿದೆ. ಅಕ್ಕನ ವಿಚಾರವನ್ನು ಹುಡುಗಿಯ ಒಪ್ಪಿಗೆ ಪಡೆದು ತಾಯಿಯ ಬಾಯಿಂದಲೇ ಹೇಳಿಸಿದೆ. ತಂದೆ ಬಹಳ ಹೊತ್ತು ಸುಮ್ಮನಿದ್ದು, “ಹಾಸ್ಟೆಲ್ ಅರ್ಜಿ ಎಲ್ಲಿ ಹಾಕಬೇಕು?” ಎಂದರು.

ಉಳಿದದ್ದು ಕಾಗದದ ಕೆಲಸ. ಮಾವ ‘ಚಾಯ್ಸ್ 4’ ಒತ್ತಿಸಬೇಕೆಂದಿದ್ದರು. ಅಂದರೆ ಸಿಇಟಿ ನಡೆಸುವ ಪರೀಕ್ಷಾ ಪ್ರಾಧಿಕಾರದ ಸೀಟು ಹಂಚಿಕೆ ಪ್ರಕ್ರಿಯೆಯಿಂದಲೇ ಹೊರಹೋಗುವುದು. ಬದಲಿಗೆ ಚಾಯ್ಸ್ 2 ಒತ್ತಿದರೆ ಸಿಕ್ಕಿದ ಸೀಟು ಕೈಯಲ್ಲಿರುತ್ತದೆ, ಮುಂದಿನ ಸುತ್ತಿನಲ್ಲಿ ಕಂಪ್ಯೂಟರ್ ಸೈನ್ಸ್ ಸಿಕ್ಕರೆ ಅದಕ್ಕೆ ಹೋಗಬಹುದು ಎಂದು ವಿವರಿಸಿದೆ. ರಾಜ್ಯ ಸರ್ಕಾರದ ರೈತ ವಿದ್ಯಾನಿಧಿಯನ್ನು ನೆನಪಿಸಿದೆ. 2021ರಲ್ಲಿ ಶುರುವಾದ ಆ ಯೋಜನೆಯಲ್ಲಿ ಎಂಜಿನಿಯರಿಂಗ್ ಓದುವ ರೈತರ ಹೆಣ್ಣುಮಕ್ಕಳಿಗೆ ವರ್ಷಕ್ಕೆ 11,000 ರೂಪಾಯಿ. ಯಾರೂ ಅದಕ್ಕೆ ಫ್ಲೆಕ್ಸ್ ಹಾಕುವುದಿಲ್ಲ, ಆದರೆ ಸಿಜಿಪಿಎ 8.5 ಇರಬೇಕೆಂದು ಅದು ಕೇಳುವುದಿಲ್ಲ.

ಈ ಪ್ರಕರಣವನ್ನು ಪರಿಚಯದ ಸಹೋದ್ಯೋಗಿಯೊಬ್ಬರ ಬಳಿ ಹೇಳಿದಾಗ ಅವರಿಗೆ ಸಿಟ್ಟು ಬಂತು. ಉಳ್ಳವರ ಮಕ್ಕಳು ಬೆಂಗಳೂರಿಗೆ ಹೋಗಲಿ, ಹಳ್ಳಿಯವರು ಇದ್ದಲ್ಲೇ ಇರಲಿ ಎಂದಂತಾಯಿತಲ್ಲ ಎಂದರು. ಈ ಆಕ್ಷೇಪ ಹಗುರವಾದದ್ದಲ್ಲ. ಆದರೆ ಶ್ರೀರಂಗಪಟ್ಟಣದ ಕಡೆಯ ಒಬ್ಬ ಹುಡುಗನ ವಿಷಯದಲ್ಲಿ ಇದೇ ನಾನು, ಸಾಲ ಎಂದರೆ ಬೆಚ್ಚಿಬೀಳುವ ಅವನ ತಾಯಿಯನ್ನು ಗಂಟೆಗಟ್ಟಲೆ ಕೂರಿಸಿಕೊಂಡು ಸುರತ್ಕಲ್‌ನ ಎನ್‌ಐಟಿಗೆ ಕಳಿಸಲು ಒಪ್ಪಿಸಿದ್ದೇನೆ. ಕೇಂದ್ರ ಸರ್ಕಾರದ ಎಂಜಿನಿಯರಿಂಗ್ ಸಂಸ್ಥೆಗಳಾದ ಎನ್‌ಐಟಿಗಳಲ್ಲಿ ಒಂದು ಲಕ್ಷದೊಳಗಿನ ವಾರ್ಷಿಕ ಆದಾಯದ ಮನೆಗಳಿಗೆ ಬೋಧನಾ ಶುಲ್ಕ ಪೂರ್ತಿ ಮನ್ನಾ, ಐದು ಲಕ್ಷದವರೆಗೆ ಮೂರರಲ್ಲಿ ಎರಡು ಪಾಲು. ಅದು ಮನೆಯ ಸ್ಥಿತಿ ನೋಡಿ ಕೊಡುವ ಮನ್ನಾ. ಕಾಲೇಜಿನ ಹೆಸರಿಗೆ ಬೆಲೆಯೇ ಇಲ್ಲ ಎನ್ನುವಷ್ಟು ಮುಗ್ಧೆ ನಾನಲ್ಲ. ಯಾವ ಕಂಪನಿ ಬಾಗಿಲಿಗೆ ಬರುತ್ತದೆ, ಪಕ್ಕದ ಬೆಂಚಿನಲ್ಲಿ ಯಾರು ಕೂರುತ್ತಾರೆ ಎಂಬುದರಿಂದ ನಿಜಕ್ಕೂ ವ್ಯತ್ಯಾಸವಾಗುತ್ತದೆ. ಆದರೆ ಸೀಟಿಗಾಗಿ ಮಕ್ಕಳು ಮುಗಿಬೀಳುವ ಕಾಲೇಜಿನ ಹೆಸರು ಬೇರೆ, ಸೀಟು ತುಂಬಿಸಲು ಆಗಸ್ಟ್‌ವರೆಗೆ ಫೋನ್ ಮಾಡುವ ಸಂಸ್ಥೆಯ ಹೆಸರು ಬೇರೆ. ಹಿಂದಿನ ವರ್ಷ ಯಾವ ಕಾಲೇಜಿನ ಯಾವ ವಿಭಾಗದ ಸೀಟು ಎಷ್ಟನೇ ರ‍್ಯಾಂಕಿಗೆ ಮುಗಿಯಿತು ಎಂಬುದು ಪರೀಕ್ಷಾ ಪ್ರಾಧಿಕಾರದ ಜಾಲತಾಣದಲ್ಲೇ ಇರುತ್ತದೆ. ಸೋದರಮಾವಂದಿರ ಅಭಿಪ್ರಾಯಕ್ಕಿಂತ ನನಗೆ ಆ ಪಟ್ಟಿಯ ಮೇಲೆ ಭರವಸೆ ಹೆಚ್ಚು.

ಹಾಗಾಗಿ ಪತ್ರ ಹಿಡಿದು ಬರುವವರಿಗೆಲ್ಲ ನಾನು ಹೇಳುವುದು ಇಷ್ಟು: ಷರತ್ತಿರುವ ಮನ್ನಾವನ್ನು ಎರಡನೇ ವರ್ಷದಿಂದ ಸೊನ್ನೆ ಎಂದು ಹಿಡಿಯಿರಿ. ಆಗಲೂ ಮನೆ ತಡೆಯುತ್ತದೆ ಎಂದಾದರೆ ಧಾರಾಳವಾಗಿ ಸೇರಿಸಿ, ನನ್ನ ತಕರಾರಿಲ್ಲ. ಹೋದ ವರ್ಷ ಮನ್ನಾ ಪಡೆದವರಲ್ಲಿ ಎಷ್ಟು ಮಂದಿಗೆ ಈ ವರ್ಷವೂ ಅದು ಉಳಿದಿದೆ ಎಂದು ಲಿಖಿತವಾಗಿ ಕೇಳಿ. ಮೂರು ದಿನದ ಗಡುವಿಗೆ ಹೆದರಿ ಆಗಲೇ ದುಡ್ಡು ಕಟ್ಟಿದವರೂ ಬರುತ್ತಾರೆ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ಅಧಿಸೂಚನೆಯ ಪ್ರಕಾರ ಪ್ರವೇಶದ ಕೊನೆಯ ದಿನಕ್ಕೆ ಹದಿನೈದು ದಿನ ಮೊದಲೇ ಹಿಂದೆ ಸರಿದರೆ ಪೂರ್ತಿ ಶುಲ್ಕ ವಾಪಸ್ ಬರಬೇಕು. ಸಂಸ್ಕರಣಾ ವೆಚ್ಚವೆಂದು ಹೆಚ್ಚೆಂದರೆ ಐದು ಸಾವಿರ ಹಿಡಿಯಬಹುದು. ತಡವಾದಷ್ಟೂ ವಾಪಸಾಗುವ ಪಾಲು ಇಳಿಯುತ್ತದೆ. ಮೂಲ ಅಂಕಪಟ್ಟಿಯನ್ನು ತಮ್ಮಲ್ಲೇ ಇಟ್ಟುಕೊಳ್ಳುವ ಹಕ್ಕು ಯಾವ ಸಂಸ್ಥೆಗೂ ಇಲ್ಲ. ಇದನ್ನು ಬಾಯಲ್ಲಿ ಹೇಳಿದರೆ ಸಾಲದು, ಅರ್ಜಿ ಬರೆದು ಸ್ವೀಕೃತಿ ಪಡೆಯಬೇಕು.

ಗಡುವು ಮುಗಿದು ಹತ್ತು ದಿನದ ಮೇಲೆ ಆ ತಂದೆಯ ಫೋನ್ ಬಂತು. ರದ್ದಾಗುತ್ತದೆ ಎಂದಿದ್ದ ಮನ್ನಾ ರದ್ದಾಗಿರಲಿಲ್ಲ. ಈಗ 65% ಕೊಡುತ್ತೇವೆ ಎಂದು ವಿಶ್ವವಿದ್ಯಾಲಯದವರು ಕರೆ ಮಾಡಿದ್ದರಂತೆ. ಮಗಳ ಅಂಕಪಟ್ಟಿ ಅದೇ, ರ‍್ಯಾಂಕ್ ಅದೇ, ಪ್ರತಿಭೆ ಮಾತ್ರ ಹದಿನೈದು ಪರ್ಸೆಂಟ್ ಏರಿತ್ತು. ಏನು ಹೇಳಿದಿರಿ ಎಂದು ಕೇಳಿದೆ. ಎರಡನೇ ಪುಟ ತೆಗೆದುಹಾಕಿ ಕಳಿಸಿ ಎಂದಿದ್ದೇನೆ, ನೋಡೋಣ ಎಂದರು. ಅತ್ತ ಕಡೆಯವರು ಮೇಲಿನವರನ್ನು ವಿಚಾರಿಸಿ ತಿಳಿಸುತ್ತೇವೆ ಎಂದು ಫೋನ್ ಇಟ್ಟಿದ್ದರಂತೆ. ಮುಂದಿನ ಸುತ್ತಿನಲ್ಲಿ ಅವಳಿಗೆ ಕಂಪ್ಯೂಟರ್ ಸೈನ್ಸ್ ಸಿಗಲಿಲ್ಲ, ಎಲೆಕ್ಟ್ರಾನಿಕ್ಸ್ ಸೀಟಿಗೇ ಸೇರಿದಳು. ಸರ್ಕಾರಿ ಹಾಸ್ಟೆಲ್‌ನ ಮೊದಲ ಪಟ್ಟಿಯಲ್ಲಿ ಹೆಸರಿಲ್ಲದ್ದರಿಂದ ಸದ್ಯಕ್ಕೆ ಕಾಲೇಜಿನ ಹತ್ತಿರ ಇಬ್ಬರು ಗೆಳತಿಯರ ಜತೆ ಬಾಡಿಗೆ ಕೋಣೆಯಲ್ಲಿದ್ದಾಳೆ. ಬಾಡಿಗೆಯ ಮುಂಗಡವನ್ನು ತಾಯಿ ಹಾಲಿನ ದುಡ್ಡಿನಲ್ಲಿ ಕೊಟ್ಟಿದ್ದಾರೆ. ಸೋದರಮಾವ ಇನ್ನೂ ನನ್ನ ಮೇಲೆ ಮುನಿಸಿಕೊಂಡಿದ್ದಾರೆಂದು ಕೇಳಿದ್ದೇನೆ.