ವಿದೇಶದಾಗ ಹಚ್ಚಿದ ಕೆಲಸ ಊರಾಗ ಮುಗಿಸೂದು ಹ್ಯಾಂಗ?

ಈ ತಿಂಗಳ ಪತ್ರ ಬಿಚ್ಚಿ ನೋಡಿದ್ರ ನಾಕು ಪತ್ರ ಒಂದ ಸಂಕಟದ ಸುತ್ತ ಅದಾವ. ಕಲಾವಿದರು ರೆಸಿಡೆನ್ಸಿ ಅಂತ ಹೊರದೇಶಕ್ಕ ಹೋಗ್ತಾರ, ಎರಡು ಮೂರು ತಿಂಗಳು ಅಲ್ಲೇ ಉಳಕೊಂಡು ಕೆಲಸಾ ಹಚ್ಚತಾರ, ವಾಪಸ್ ಬಂದಮ್ಯಾಲೆ ರೊಕ್ಕಿಲ್ಲದ ಅದು ಅರ್ಧಕ್ಕ ನಿಂತಬಿಡತೈತಿ. ಅದಕ್ಕ ಉಳದ ಪ್ರಶ್ನೆ ಮುಂದಿನ ಸಂಚಿಕೆಗೆ ಇಟ್ಟು ಈ ಸಲ ಪೂರಾ ಜಾಗಾ ಇದಕ್ಕ ಕೊಡಾಕತ್ತೀನಿ.

ಪ್ರಶ್ನೆ: ಅಕ್ಕಾರ ನಮಸ್ಕಾರ್ರೀ. ನಮ್ಮದು ಇಳಕಲ್ಲ, ಮನ್ಯಾಗ ಅಜ್ಜನ ಕಾಲದಿಂದ ಮಗ್ಗ ಐತಿ, ನಾ ಫೈನ್ ಆರ್ಟ್ಸ್ ಓದೀನಿ. ಹೋದ ವರ್ಷ ನೆದರ್‌ಲ್ಯಾಂಡ್ಸ್‌ನ್ಯಾಗ ಮೂರು ತಿಂಗಳ ರೆಸಿಡೆನ್ಸಿ ಸಿಕ್ಕಿತ್ತು. ಹೋಗೂಮುಂದ ಅಪ್ಪನ ಮಗ್ಗದ ಸಪ್ಪಳಾ ರೆಕಾರ್ಡ್ ಮಾಡ್ಕೊಂಡು ಹೋಗಿದ್ದೆ, ಅಲ್ಲಿ ಉಣ್ಣಿ ನೂಲಿನ್ಯಾಗ ಇಳಕಲ್ ಸೀರಿಯ ತೋಪತೆನಿ ಸೆರಗಿನ ನಾಕು ತುಂಡು ನೇಯ್ದು ಆ ಸಪ್ಪಳಾ ಸೇರಿಸಿ ಕಡೀ ವಾರ ತೋರಿಸಿದೆ, ನೋಡಿದವರೆಲ್ಲಾ ಚಲೋ ಐತಿ ಅಂದ್ರು. ಊರಿಗೆ ಬಂದು ಎಂಟು ತಿಂಗಳಾತು. ಪೂರಾ ಕೆಲಸ ಆಗಬೇಕಂದ್ರ ಆರು ಉದ್ದನ್ನ ಪಟ್ಟಿ ನೇಯಬೇಕು, ಸ್ಪೀಕರ್ ಬೇಕು, ಜಾಗಾ ಬೇಕು. ಎರಡು ಕಡೆ ಅರ್ಜಿ ಹಾಕಿದ್ದೆ, ಎರಡೂ ಆಗಲಿಲ್ಲ. ಅಪ್ಪ "ಅಷ್ಟ್ ದೂರ ಹೋಗಿ ಬಂದಿ, ಏನ್ ತಂದಿ" ಅಂತ ಕೇಳ್ತಾನ. ಏನ್ ಹೇಳ್ಲಿ?

ಉತ್ತರ: ತಂಗಿ, ನಿನ್ನ ಪತ್ರಾ ಓದಿ ನನಗ ನನ್ನ ಟ್ರಂಕು ನೆನಪಾತು. ಭಾಳ ವರ್ಷದ ಹಿಂದ ನಾನೂ ಒಂದು ರೆಸಿಡೆನ್ಸಿ ಮುಗಿಸಿ ಬಂದು ಏಳು ಸ್ಕೆಚ್‌ಬುಕ್ಕು, ಒಂದು ಹಾರ್ಡ್ ಡಿಸ್ಕು ಬೆಳಗಾವಿ ಮನಿ ಟ್ರಂಕಿನ್ಯಾಗ ಇಟ್ಟಿದ್ದೆ, ರೊಕ್ಕ ಬಂದಾಗ ತಗದ್ರಾತು ಅಂತ. ಎರಡು ಮಳಿಗಾಲ ಹೋದ್ವು. ತಗದು ನೋಡಿದ್ರ ಹಾಳಿಗೆ ಬೂಷ್ಟು ಹಿಡದು ಇಂಕೆಲ್ಲಾ ಹರಡಿತ್ತು, ಹಾರ್ಡ್ ಡಿಸ್ಕು ಚಾಲೂನ ಆಗಲಿಲ್ಲ. ಆ ಕೆಲಸ ಇವತ್ತಿಗೂ ಮುಗದಿಲ್ಲ. ಅದಕ್ಕ ಮೊದಲು ಇವತ್ತ ರಾತ್ರಿ ಆ ಸಪ್ಪಳದ ಫೈಲು ಇನ್ನೂ ಎರಡು ಕಡೆ ಕಾಪಿ ಮಾಡಿ ಇಡು, ಆ ನಾಕು ತುಂಡು ಬೇವಿನ ಎಲಿ ಹಾಕಿ ಹತ್ತಿ ಅರಿವ್ಯಾಗ ಸುತ್ತಿಡು, ಉಣ್ಣಿಗೆ ಹುಳಾ ಲಗೂನ ಹತ್ತತೈತಿ. ಆಮ್ಯಾಲೆ ಅರ್ಜಿ ಮಾತಾಡೂಣು.

ರೆಸಿಡೆನ್ಸಿ ರೊಕ್ಕ ಬ್ಯಾರೆ, ಕೆಲಸ ಮುಗಿಸೂ ರೊಕ್ಕ ಬ್ಯಾರೆ. ಈ ಒಂದು ಮಾತು ನನಗ ಯಾರರ ಮೊದಲ ಹೇಳಿದ್ದರ ಎರಡು ವರ್ಷ ಉಳೀತಿದ್ವು. ರೆಸಿಡೆನ್ಸಿ ಕೊಡೂದು ಟೈಮು, ಇರಾಕ ಖೋಲಿ, ಊಟದ ಖರ್ಚು, ವಿಮಾನದ ಟಿಕೆಟ್ಟು, ಅಲ್ಲಿ ಜನರ ಪರಿಚಯ. ಅಲ್ಲಿ ನಿನ್ನ ಕಡಿಂದ ಯಾರೂ ಪೂರಾ ಕೆಲಸಾ ಕೇಳಂಗಿಲ್ಲ, ಹುಡುಕಾಟ ಕೇಳ್ತಾರ. ಮುಗಿಸಾಕ ರೊಕ್ಕ ಕೊಡವರು ಮಾತ್ರ ಹುಡುಕಾಟಕ್ಕ ಕೊಡಂಗಿಲ್ಲ, ಅವರಿಗೆ ಏನ್ ಆಗೇತಿ, ಏನ್ ಉಳದೈತಿ, ಎಷ್ಟು ದಿನಕ್ಕ ಆಗತೈತಿ, ಯಾರು ನೋಡತಾರ ಅನ್ನೂದು ಬೇಕು. ನಾವು ಏನ್ ಮಾಡ್ತೀವಿ ಅಂದ್ರ ರೆಸಿಡೆನ್ಸಿಗೆ ಬರದ ಕಾಗದಾನ ತುಸು ತಿದ್ದಿ ಮತ್ತ ಕಳಸತೀವಿ. ನನ್ನ ಒಂದು ಅರ್ಜಿ ಹಿಂಗ ವಾಪಸ್ ಬಂದಾಗ ಆ ಆಫೀಸಿನ ಒಬ್ಬ ಹೆಣ್ಮಗಳು ಫೋನಿನ್ಯಾಗ ಭಾಳ ಸಮಾಧಾನದಿಂದ ಹೇಳಿದ್ಲು, "ನೀವು ಬರದದ್ದು ಓದಿದ್ರ ಇನ್ನೂ ಹೋಗೂ ಆಸೆ ಕಾಣ್ತೈತ್ರಿ, ಮುಗಿಸೂ ಆಸೆ ಕಾಣಂಗಿಲ್ಲ" ಅಂತ. ಆಕಿ ಹೇಳಿದ್ದು ಖರೇ ಇತ್ತು. ನಿನ್ನ ಎರಡೂ ಅರ್ಜಿ ಒಮ್ಮೆ ತಗದು ಓದು. "ಎಕ್ಸ್‌ಪ್ಲೋರ್ ಮಾಡತೀನಿ" ಅನ್ನೂ ಮಾತು ಎಷ್ಟು ಸಲ ಬಂದೈತಿ ಎಣಸು.

ಹೊಸಾದು ಬರೀಮುಂದ ಮೊದಲನೇ ಸಾಲಿಗೇ ಆ ನಾಕು ತುಂಡು ಬರಲಿ. ತೋಪತೆನಿ ಅಂದ್ರ ಏನು ಅಂತ ಓದವರಿಗೆ ಗೊತ್ತಿರಂಗಿಲ್ಲ, ಅದನ್ನ ನಿನ್ನ ಕೈಲೆ ಮಾಡಿದವಳಂಗ ಹೇಳು. ಇಳಕಲ್ ಸೀರ್ಯಾಗ ಮೈಯ ಹಾಸು ಬ್ಯಾರೆ, ಸೆರಗಿನ ಕೆಂಪು ರೇಷ್ಮಿ ಹಾಸು ಬ್ಯಾರೆ, ಎರಡರ ಎಳಿ ಒಂದರಾಗೊಂದು ಕುಣಕಿ ಹಾಕಿ ಕೂಡಸತಾರ, ಆ ಕೂಡೂ ಜಾಗಾದಾಗ ನಿನ್ನ ಕೆಲಸ ಹುಟ್ಟೇತಿ. ಇಳಕಲ್ಲಿನ ಎಳಿ ಅಲ್ಲಿ ಉಣ್ಣಿ ಎಳಿ ಜೋಡಿ ಕುಣಕಿ ಹಾಕ್ಕೊಂಡಾಗ ಏನಾತು, ಎಲ್ಲಿ ಹರೀತು, ಎಲ್ಲಿ ಹಿಡೀತು, ಅದನ್ನ ಬರೀ. ಅದು ಹತ್ತು ಪುಟದ ಸಿದ್ಧಾಂತಕ್ಕಿಂತ ಜಾಸ್ತಿ ಕೆಲಸಾ ಮಾಡತೈತಿ. ಜೋಡಿಗೆ ಎರಡು ನಿಮಿಷದ ಸಪ್ಪಳಾ, ನಾಕು ಫೋಟೋ, ಮತ್ತ ರೆಸಿಡೆನ್ಸಿ ನಡಸಿದವರ ಕಡಿಂದ ಒಂದು ಪತ್ರಾ. ಆ ಪತ್ರಾ ನೀ ಅಲ್ಲಿಂದ ಹೊಂಡೂ ಮೊದಲ ತಗೋಬೇಕಾಗಿತ್ತು, ಇರಲಿ, ಈಗ ಕೇಳು, ಕೊಡತಾರ. ಕೇಳೂಮುಂದ ಇದೂ ಕೇಳು: ಹಳೇ ರೆಸಿಡೆಂಟುಗಳಿಗೆ ಪ್ರದರ್ಶನಕ್ಕೋ ಪುಸ್ತಕಕ್ಕೋ ನೀವೇನರ ಸಹಾಯ ಮಾಡತೀರಿ ಏನ್ರಿ ಅಂತ. ಕೆಲವು ಕಡೆ ಅಂಥಾ ಸಣ್ಣ ಗಂಟು ಇರತೈತಿ, ಕೇಳದವರಿಗಷ್ಟ ಸಿಗತೈತಿ.

ಇನ್ನ ಬಜೆಟ್ಟು. ಇಲ್ಲಿ ನಿನ್ನ ಅಪ್ಪನ ಪ್ರಶ್ನೆಗೂ ಉತ್ತರ ಐತಿ. ನೀ ಹೇಳಿದ ಆರು ಪಟ್ಟಿ ಒಂದೊಂದಕ್ಕ ಎಂಟು ದಿನ ಹಿಡದ್ರ 48 ದಿನ ಮಗ್ಗ ಬ್ಯಾರೆ ಕೆಲಸಕ್ಕ ಸಿಗಂಗಿಲ್ಲ. ಆ 48 ದಿನ ಅಪ್ಪ ಸೀರಿ ನೇಯ್ದಿದ್ದರ ಏನ್ ಕೂಲಿ ಬರತಿತ್ತು? ಅದು ಬಜೆಟ್ಟಿನ್ಯಾಗ ಬರಬೇಕು, ಅವನ ಹೆಸರಿನ್ಯಾಗ, ನೇಕಾರ ಅಂತ. ಹಂಗ ಕಂಡಕಿ, ಅಂದ್ರ ಲಾಳಿಗೆ ಹಾಕೂ ನೂಲಿನ ಸುರುಳಿ, ಸುತ್ತವರು ಯಾರು? ನಿಮ್ಮವ್ವ ಇರಬೇಕು, ನಮ್ಮ ಕಡೆ ಎಲ್ಲಾ ಮನ್ಯಾಗೂ ಹಂಗ. ಆಕಿ ಕೂಲೀನೂ ಬರೀ. ಮನೀ ಮಂದಿಗೆ ಎಂಥಾ ಕೂಲಿ ಅಂತ ನಾವ ಬಿಟ್ಟಬಿಡತೀವಿ, ಬಿಟ್ಟಿದ್ದಕ್ಕ ಕೊಡವರು "ಇಷ್ಟ ಸಣ್ಣ ಬಜೆಟ್ಟಿನ್ಯಾಗ ಇಷ್ಟ ದೊಡ್ಡ ಕೆಲಸ ಆಗತೈತೇನು" ಅಂತ ಅನುಮಾನ ಪಡತಾರ, ಇತ್ಲಾಗ ಮನ್ಯಾಗೂ ಮುಖ ಸಣ್ಣದಾಗತೈತಿ. ನಿನ್ನ ಹೆಸರಿಗೂ ತಿಂಗಳಿಗಿಷ್ಟು ಅಂತ ಹಾಕ್ಕೊ, ಸಂಕೋಚ ಬ್ಯಾಡ. ನೂಲು, ಬಣ್ಣ, ರೇಷ್ಮಿ ರೇಟು ಅಂಗಡಿಯಿಂದ ಕೊಟೇಶನ್ ತಂದು ಹಚ್ಚು. ಸ್ಪೀಕರ್ ಖರೀದಿ ಮಾಡೂಬದಲಿ ಬಾಡಿಗಿ ಬರೀ, ಸಾಮಾನು ಖರೀದಿ ನೋಡಿದ್ರ ಬಹಳಷ್ಟು ಮಂದಿ ಕೊಡಾಕ ಹಿಂದ ಮುಂದ ನೋಡತಾರ. ಮತ್ತ ಮೊದಲ ಪ್ರದರ್ಶನ ಇಳಕಲ್ಲಿನ್ಯಾಗ ಅಂತ ಬರೀ, ಒಂದು ಖಾಲಿ ಮಗ್ಗದ ಮನಿ ಆದ್ರೂ ಸಾಕು. ನಿನ್ನ ಓಣಿ ನೇಕಾರರು ಬಂದು ಆ ಸಪ್ಪಳಾ ಕೇಳಿ ಇದು ನಮ್ಮ ಮಗ್ಗ, ಇದು ನಮ್ಮದಲ್ಲ ಅಂತ ಜಗಳಾಡಿದ್ರ ಅಂಥಾ ನೋಡುಗರು ಅಲ್ಲಿ ನಿನಗ ಸಿಗತಿದ್ದಿಲ್ಲ.

ಎಲ್ಲಿ ಹಾಕಬೇಕು ಅಂದ್ರ, ಮೊದಲು ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ನೋಡು, ಎಲ್ಲಾರೂ ಐಎಫ್ಎ ಅಂತಾರ. 1993ರಾಗ ಶುರುವಾದ ಸಂಸ್ಥೆ, 1995ರಿಂದ ಗ್ರಾಂಟ್ ಕೊಡಾಕತ್ತೇತಿ, ಕಲಾವಿದರ ಪ್ರಯೋಗಕ್ಕ ಒಂದು, ಸಂಶೋಧನಾಕ್ಕ ಒಂದು ಅಂತ ಬ್ಯಾರೆ ಬ್ಯಾರೆ ಕಾರ್ಯಕ್ರಮ ಅದಾವ. ನಿಂದು ಕಲಾ ಪ್ರಯೋಗದ್ದು. ಕೇಂದ್ರದ ಸಂಸ್ಕೃತಿ ಸಚಿವಾಲಯದ ಫೆಲೋಶಿಪ್ಪೂ ಐತಿ, 25ರಿಂದ 40 ವಯಸ್ಸಿನವರಿಗೆ ಜೂನಿಯರ್ ಅಂತ ತಿಂಗಳಿಗೆ 10,000, 40 ದಾಟಿದವರಿಗೆ ಸೀನಿಯರ್ ಅಂತ 20,000, ಎರಡು ವರ್ಷದ ಮಟ. ಆದ್ರ ಅದು ಸಂಶೋಧನಾ ಸ್ವರೂಪದ ಕೆಲಸಕ್ಕ, ರೊಕ್ಕಾನೂ ತಿಂಗಳ ತಿಂಗಳ ಕೈಗೆ ಬರಂಗಿಲ್ಲ, ಆರಾರು ತಿಂಗಳಿಗೊಮ್ಮೆ ಕಂತು. ಅದನ್ನ ನಂಬಿ ನೂಲು ಸಾಲಾ ತರಬ್ಯಾಡ.

ಪ್ರಶ್ನೆ: ನಾ ವಿಜಯಪುರದ ಪೇಂಟರ್ ಇದ್ದೀನ್ರಿ. ಮುಂದಿನ ವರ್ಷ ಐರ್ಲೆಂಡಿಗೆ ಎರಡು ತಿಂಗಳ ರೆಸಿಡೆನ್ಸಿಗೆ ಕರದಾರ. ಡಬ್ಲಿನ್ನಿನ ಚೆಸ್ಟರ್ ಬೀಟಿ ಲೈಬ್ರರಿದಾಗ ನಮ್ಮ ಆದಿಲ್‌ಶಾಹಿ ಕಾಲದ ಚಿತ್ರ ಅವ ಅಂತ ಕೇಳೀನಿ. ಅವನ್ನ ನೋಡಿ ಬಂದು ಊರಾಗ ಒಂದು ಚಿತ್ರಮಾಲಿಕೆ, ಜೋಡಿ ಒಂದು ಪುಸ್ತಕಾ ಮಾಡಬೇಕಂತ ಅದ. ಹೋಗೂ ಮೊದಲ ಏನೇನ್ ನೋಡ್ಕೋಬೇಕು ಅಕ್ಕಾರ?

ಉತ್ತರ: ಹೋಗೂ ಮೊದಲ ಕೇಳಿದ್ರಿ, ಅದ ದೊಡ್ಡ ಕೆಲಸಾತು ಅಣ್ಣಾರ. ನೀವು ಕೇಳಿದ್ದು ಖರೇ ಐತಿ. 'ನುಜೂಮ್ ಅಲ್ ಉಲೂಮ್' ಅನ್ನೂ ಹಸ್ತಪ್ರತಿ ಅಲ್ಲೈತಿ, 1570ರ ಸುಮಾರಿಂದು, ಒಂದನೇ ಅಲಿ ಆದಿಲ್‌ಶಾಹನ ಕಾಲ. ಗ್ರಹ, ನಕ್ಷತ್ರ, ಮಂತ್ರ, ಆನಿ, ಆಯುಧ ಎಲ್ಲಾ ಬಂದಾವ ಅದರಾಗ. ನಮ್ಮ ಊರಾಗ ಹುಟ್ಟಿದ ಚಿತ್ರಾ ನೋಡಾಕ ನಮ್ಮವರು ಡಬ್ಲಿನ್ನಿಗೆ ಹೋಗಬೇಕಾಗೇತಿ ಅಂದ್ರ ಎದ್ಯಾಗ ಒಂಥರಾ ಆಗತೈತಿ, ಆದ್ರ ಹೋಗ್ರಿ, ನಿಮ್ಮ ಕಣ್ಣಿಂದ ನೋಡಿ ಬರ್ರಿ.

ಅಂಥಾ ಹಳೇ ಪ್ರತಿ ದಿನಾ ಗಾಜಿನ ಪೆಟ್ಟಿಗ್ಯಾಗ ಇಟ್ಟಿರಂಗಿಲ್ಲ, ನೇರ ಹೋಗಿ ಬಾಗಲಾ ಬಡದ್ರ ತೋರಸಂಗಿಲ್ಲ. ಯಾವ ಪುಟ, ಯಾಕ ಬೇಕು, ಯಾವ ದಿನ ಅಂತ ತಿಂಗಳುಗಟ್ಟಲೆ ಮೊದಲ ಇಮೇಲ್ ಹಾಕ್ರಿ, ಆ ಉತ್ತರ ಪ್ರಿಂಟ್ ತಗದು ಇಟ್ಕೋರಿ, ಮುಂದ ಗ್ರಾಂಟಿಗೆ ಹಾಕೂಮುಂದ ಅದ ನಿಮ್ಮ ಆಧಾರ. ನೀವು ನೋಡಿ ಬರಕೊಂಡ ಸ್ಕೆಚ್ಚು ನಿಮ್ಮದು, ಆದ್ರ ಅವರು ತಗದ ಫೋಟೋ ನಿಮ್ಮ ಪುಸ್ತಕದಾಗ ಅಚ್ಚಾಗಬೇಕಂದ್ರ ಬ್ಯಾರೆ ಪರವಾನಗಿ, ಒಮ್ಮೊಮ್ಮೆ ಬ್ಯಾರೆ ಫೀ. ಅದರ ರೇಟು ಅಲ್ಲಿರೂ ದಿನಾನ ಕೇಳಿ ಬಜೆಟ್ಟಿನ್ಯಾಗ ಹಿಡೀರಿ. ಐರ್ಲೆಂಡ್ ಶೆಂಗೆನ್ (ಯುರೋಪಿನ ಭಾಳ ದೇಶಕ್ಕ ಒಂದ ವೀಸಾ ನಡಿಯೂ ಗುಂಪು) ಒಳಗ ಬರಂಗಿಲ್ಲ, ಗೆಳೆಯರ ಶೆಂಗೆನ್ ವೀಸಾ ಪೇಪರ್ ನೋಡಿ ಅರ್ಜಿ ತುಂಬಬ್ಯಾಡ್ರಿ. ದೊಡ್ಡ ಕ್ಯಾಮರಾ ಒಯ್ಯೂದಿದ್ರ ಹೋಗೂಮುಂದ ವಿಮಾನ ನಿಲ್ದಾಣದ ಕಸ್ಟಮ್ಸಿನ್ಯಾಗ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಸ್ರಿ, ವಾಪಸ್ ಬರೂಮುಂದ ಇದು ನಂದ ಅಂತ ಜಗಳಾಡೂದು ತಪ್ಪತೈತಿ. ನಿಮ್ಮ ಚಿತ್ರಾನ ಅಲ್ಲಿ ತೋರಸಾಕ ಒಯ್ದು ವಾಪಸ್ ತರೂದಿದ್ರ ಸುಂಕಾ ಕಟ್ಟಲಾರದ ಒಯ್ದು ತರಾಕ ಎಟಿಎ ಕಾರ್ನೆ ಅಂತ ಒಂದು ಕಾಗದ ಐತಿ, ನಮ್ಮ ದೇಶದಾಗ ಅದನ್ನ ಕೊಡೂದು ವ್ಯಾಪಾರ-ಉದ್ಯಮದವರ ಒಕ್ಕೂಟ ಫಿಕ್ಕಿ. ಮನ್ಯಾಗಿನ ನೂರು ವರ್ಷದ ಮ್ಯಾಲಿನ ಹಳೇ ಚಿತ್ರ ಮಾತ್ರ ತೋರಸಾಕೂ ಒಯ್ಯಬ್ಯಾಡ್ರಿ, 1972ರ ಪುರಾತನ ವಸ್ತು ಕಾಯ್ದೆ ಅದಕ್ಕ ಅಡ್ಡ ಬರತೈತಿ, ಹಸ್ತಪ್ರತಿಗಾದ್ರ 75 ವರ್ಷಕ್ಕ ಆ ಕಾಯ್ದೆ ಹತ್ತತೈತಿ.

ಕಡೀ ಎರಡು ವಾರ ಹೊಸಾದೇನೂ ಹಚ್ಚಬ್ಯಾಡ್ರಿ. ಆ ಎರಡು ವಾರದಾಗ ಊರಿಗೆ ಬಂದಮ್ಯಾಲೆ ಮಾಡೂ ಕೆಲಸದ ಅರ್ಜಿ ಅಲ್ಲೇ ಕುಂತು ಬರೀರಿ, ನೋಡಿದ್ದು ಹಸಿ ಇರೂಮಟ.

ಪ್ರಶ್ನೆ: ಗೋಕಾಕ ತಾಲೂಕಿನ ಒಂದು ಶ್ರೀಕೃಷ್ಣ ಪಾರಿಜಾತ ಬಯಲಾಟದ ಮೇಳದ ಜೋಡಿ ಕೆಲಸಾ ಮಾಡೂ ನಿರ್ದೇಶಕ ನಾ. ಜರ್ಮನಿ ರೆಸಿಡೆನ್ಸಿದಾಗ ಒಬ್ಬರು ಡ್ಯಾನ್ಸರ್ ಪರಿಚಯ ಆದ್ರು, ಇಬ್ಬರೂ ಕೂಡಿ ಒಂದು ಪ್ರಯೋಗ ಮಾಡೂಣು ಅಂದಾರ. ರೊಕ್ಕ ಅಲ್ಲಿಂದ ಬಂದ್ರ ನಮ್ಮ ಸಂಘದ ಖಾತೆಗೆ ಹಾಕಸಬಹುದಾ?

ಉತ್ತರ: ಹಾಕಸಬ್ಯಾಡ್ರಿ ಸರ, ಮೊದಲು ಕೇಳ್ರಿ. ಸಂಘದ ಹೆಸರಿಗೆ ವಿದೇಶಿ ದೇಣಿಗಿ ಬರಬೇಕಂದ್ರ ಎಫ್‌ಸಿಆರ್‌ಎ (ವಿದೇಶಿ ದೇಣಿಗಿ ನಿಯಂತ್ರಣ ಕಾಯ್ದೆ) ನೋಂದಣಿ ಇಲ್ಲಾ ಮುಂಗಡ ಪರವಾನಗಿ ಬೇಕ ಬೇಕು, ಆ ರೊಕ್ಕಾನೂ ದಿಲ್ಲಿ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೆ ಬಂದು ಇಳೀಬೇಕು. ಗೆಳೆಯರ ಟ್ರಸ್ಟಿಗೆ ನೋಂದಣಿ ಐತಿ, ಅಲ್ಲಿ ತರಿಸಿ ನಾವು ತಗೋತೀವಿ ಅನ್ನೂ ದಾರೀನೂ 2020ರ ತಿದ್ದುಪಡಿಯಿಂದ ಬಂದ್ ಆಗೇತಿ, ಒಬ್ಬರು ತಗೊಂಡ ವಿದೇಶಿ ದೇಣಿಗೀನ ಇನ್ನೊಬ್ಬರಿಗೆ ದಾಟಸೂಹಂಗಿಲ್ಲ. ಒಳ್ಳೆ ಸಿಎ ಹತ್ರ ಒಂದು ತಾಸು ಕುಂತು ಮಾತಾಡ್ರಿ, ಆ ಫೀ ಉಳಸಾಕ ಹೋಗಬ್ಯಾಡ್ರಿ.

ಜರ್ಮನಿಯ ಸಾಂಸ್ಕೃತಿಕ ಸಂಸ್ಥೆ ಗ್ಯೋಟೆ ಇನ್‌ಸ್ಟಿಟ್ಯೂಟಿಂದು ಅಂತರರಾಷ್ಟ್ರೀಯ ಕೋ-ಪ್ರೊಡಕ್ಷನ್ ಫಂಡ್ ಐತಿ, ನಾಟಕ, ಡ್ಯಾನ್ಸು, ಸಂಗೀತದಾಗ ಜರ್ಮನಿಯವರು ಹೊರಗಿನವರು ಕೂಡಿ ಮಾಡೂ ಕೆಲಸಕ್ಕ. ನಿಮ್ಮ ಡ್ಯಾನ್ಸರ್‌ಗೆ ಅದನ್ನ ನೋಡಾಕ ಹೇಳ್ರಿ. ಮಾತುಕತಿಗೆ ಮೇಳದ ಹಿರ್ಯಾರನ್ನೂ ಕರಕೊಂಡು ಕುಂಡ್ರಿ. ಕೌಜಲಗಿ ನಿಂಗಮ್ಮನಂಥಾವರು ಬೆಳಸಿದ ಆಟ ಅದು, ರಾತ್ರಿ ಪೂರಾ ನಡಿಯೂದನ್ನ ಒಂದು ತಾಸಿಗೆ ಇಳಸತೀವಿ ಅಂದ್ರ ಯಾವ ಹಾಡು ಉಳೀಬೇಕು, ಯಾವುದು ಬಿಡಬೇಕು ಅನ್ನೂದು ಭಾಗವತರು, ದೂತಿ ಪಾತ್ರ ಮಾಡವರು ಹೇಳಬೇಕು. ಅವರ ತಾಲೀಮಿನ ದಿನದ ಪಗಾರ, ಹೋಗಿ ಬರೂ ಖರ್ಚು, ಪೋಸ್ಟರಿನ್ಯಾಗ ಹೆಸರು, ಮೂರೂ ಕಾಗದದ ಮ್ಯಾಲೆ ಬರಲಿ. ಬಯಲಾಟ ಅಕಾಡೆಮಿ ಬಾಗಲಕೋಟ್ಯಾಗ ಐತಿ, ಊರಾಗ ಮೊದಲ ಪ್ರಯೋಗಕ್ಕ ಅವರನ್ನೂ ಕಂಡು ಬರ್ರಿ.

ಪ್ರಶ್ನೆ: ಇಂಗ್ಲಿಷ್ ಸರಿ ಬರಂಗಿಲ್ಲ ಅಕ್ಕಾರ, ಕನ್ನಡದಾಗ ಗ್ರಾಂಟಿಗೆ ಬರದ್ರ ಓದತಾರೇನ್ರಿ? (ಮುಧೋಳ)

ಉತ್ತರ: ಐಎಫ್ಎದವರು ಕನ್ನಡದಾಗ ಬರದದ್ದನ್ನ ತಗೋತಾರ ತಮ್ಮಾ, ಧೈರ್ಯಾಗಿ ಬರೀ. ಹೊರದೇಶದವರಿಗೆ ಇಂಗ್ಲಿಷಿನ್ಯಾಗ ಕೊಡಬೇಕಾಗತೈತಿ, ಆದ್ರೂ ಮೊದಲು ಕನ್ನಡದಾಗ ನೀ ಮನ್ಯಾಗ ಮಾತಾಡಿದಂಗ ಎರಡು ಪುಟ ಬರೀ, ಆಮ್ಯಾಲೆ ಗೊತ್ತಿದ್ದವರ ಕಡಿಂದ ಇಂಗ್ಲಿಷ್ ಮಾಡಸು, ಮಾಡಿದವರ ಬಾಜೂಕ ಕುಂತು ಒಂದೊಂದು ಸಾಲೂ ಕನ್ನಡದಾಗ ತಿರುಗಿ ಹೇಳಾಕ ಹಚ್ಚು. ನೀ ಬರೀಲಾರದ್ದು ಏನರ ಹೊಕ್ಕಿದ್ರ ಅಲ್ಲೇ ತಗಸು, ಯಾಕಂದ್ರ ಇಂಟರ್‌ವ್ಯೂದಾಗ ಆ ಸಾಲಿನ ಮ್ಯಾಲೇನ ಪ್ರಶ್ನೆ ಕೇಳತಾರ.