ಅಜ್ಜನ ಕೋವಿಯನ್ನು ಮೊಮ್ಮಕ್ಕಳು ಹೇಗೆ ನೋಡಿಯಾರು?

ಪ್ರಶ್ನೆ: ನಮ್ಮದು ಅಡಿಕೆ ತೋಟ. ಅಜ್ಜನ ಕಾಲದ ಒಂಟಿ ನಳಿಗೆಯ ಕೋವಿ ಇದೆ, ಲೈಸೆನ್ಸು ನನ್ನ ಹೆಸರಿನಲ್ಲಿದೆ. ಇನ್ನೂ ಕೆಲವು ಹಳೇ ಕೋವಿಗಳನ್ನು ಸೇರಿಸಿಡಬೇಕೆಂದು ಆಸೆ. ಮಗಳು ಮಾತ್ರ "ಅಪ್ಪಾ, ನೂರು ವರ್ಷ ಕಳೆದರೆ ಇದನ್ನೆಲ್ಲ ನೋಡಿ ಮನೆಯವರೇ ನಾಚಿಕೆ ಪಡ್ತಾರೆ" ಅನ್ನುತ್ತಾಳೆ. ಹೌದಾ?
— ಒಬ್ಬ ಓದುಗ, ಬದಿಯಡ್ಕ

ಉತ್ತರ: ಮಗಳ ಮಾತನ್ನು ತಳ್ಳಿಹಾಕಬೇಡಿ. ನಮ್ಮ ಕಡೆಯ ದೊಡ್ಡ ಮನೆಗಳ ಚಾವಡಿಯಲ್ಲಿ ಕಡವೆ ಕೊಂಬು ತೂಗುಹಾಕುವುದು ಒಂದು ಕಾಲಕ್ಕೆ ಗತ್ತಿನ ವಿಷಯ. 1972ರಲ್ಲಿ ವನ್ಯಜೀವಿ ಕಾಯ್ದೆ ಬಂತು. ಈಗ ಅದೇ ಕೊಂಬು ಕಂಡರೆ ಮಕ್ಕಳು "ಪಾಪ, ಯಾರು ಕೊಂದದ್ದು?" ಅಂತ ಕೇಳುತ್ತಾರೆ. ಹೆಮ್ಮೆ ಹೋಗಿ ಮುಜುಗರ ಬರಲಿಕ್ಕೆ ಐವತ್ತೇ ವರ್ಷ ಸಾಕಾಯಿತು.

ಆದರೆ ಭೂತಸ್ಥಾನದ ಕಡ್ತಲೆ ನೋಡಿ. ಅದೂ ಕತ್ತಿಯೇ ಅಲ್ವಾ? ಅದನ್ನು ಹಿಡಿದು ಯಾರೂ ಯುದ್ಧಕ್ಕೆ ಹೋಗುವುದಿಲ್ಲ, ಆದರೂ ಕೋಲದ ದಿನ ದೈವದ ಕೈಗೆ ಅದು ಬಂದಾಗ ಇಡೀ ಊರು ಕೈಮುಗಿಯುತ್ತದೆ. ತುಳುವಿನ ಬೆಡಿ ಅನ್ನುವ ಮಾತೂ ಹಾಗೇ, ಕೋವಿಗೂ ಅದೇ ಹೆಸರು, ಜಾತ್ರೆಯ ಸುಡುಮದ್ದಿಗೂ ಅದೇ ಹೆಸರು, ಕುಂಬಳೆ ಬೆಡಿ ಅಂದರೆ ನಮ್ಮವರ ಮುಖ ಅರಳುತ್ತದೆ. ಕೆಳದಿ ನಾಯಕರ ಬೇಕಲ ಕೋಟೆಯ ಗೋಡೆಯಲ್ಲಿ ಗುಂಡು ಹಾರಿಸಲು ಬಿಟ್ಟ ತೂತುಗಳಿವೆ, ಇವತ್ತು ಮಕ್ಕಳು ಅದರಲ್ಲಿ ಕಣ್ಣಿಟ್ಟು ಕಡಲು ನೋಡುತ್ತಾರೆ.

ನಮ್ಮ ಕಾಲದ ಕೋವಿ ಅಂದಾಗ ಮುಂದಿನವರಿಗೆ ಮೊದಲು ನೆನಪಾಗುವುದು ಬಹುಶಃ ಏಕೆ-47. ಆಫ್ರಿಕಾದ ಮೊಜಾಂಬಿಕ್ ದೇಶದ ಬಾವುಟದಲ್ಲೇ ಅದರ ಚಿತ್ರ ಇದೆ, ದೇಶದ ರಕ್ಷಣೆಯ, ಎಚ್ಚರದ ಗುರುತು ಅಂತ. ಅದೇ ದೇಶದಲ್ಲಿ ಒಳಜಗಳ ಮುಗಿದ ಮೇಲೆ, 1995ರಿಂದ, ಕೋವಿ ತಂದುಕೊಟ್ಟವರಿಗೆ ಗುದ್ದಲಿ, ಹೊಲಿಗೆ ಯಂತ್ರ, ಸೈಕಲ್ ಕೊಟ್ಟರು. ಆ ಕೋವಿಗಳನ್ನು ತುಂಡು ಮಾಡಿ 2001ರಲ್ಲಿ ಕಲಾವಿದರೊಬ್ಬರು ಕುರ್ಚಿ ಮಾಡಿದರು, ಅದು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಒಂದೇ ಕೋವಿಯನ್ನು ಒಂದೇ ಊರಿನವರು ಬಾವುಟದಲ್ಲೂ ಇಟ್ಟರು, ಕೊಯ್ದು ಕುರ್ಚಿಯನ್ನೂ ಮಾಡಿದರು.

ಹಾಗಾಗಿ ನಿಮ್ಮ ಮೊಮ್ಮಕ್ಕಳು ಏನೆಂದುಕೊಳ್ಳುತ್ತಾರೆ ಅನ್ನುವುದು ನೀವು ಅವರಿಗೆ ಏನು ಹೇಳಿಟ್ಟು ಹೋಗುತ್ತೀರಿ ಅನ್ನುವುದರ ಮೇಲೆ ನಿಂತಿದೆ. ಗಾಜಿನ ಕಪಾಟಿನಲ್ಲಿ ಸಾಲಾಗಿ ನಿಲ್ಲಿಸಿದ ನಳಿಗೆಗಳು ಅವರಿಗೆ ಸುಮ್ನೆ ಕಬ್ಬಿಣ. ಹೇಗೂ ಆಯುಧ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ಆದ ಮೇಲೆ ಒಬ್ಬರಿಗೆ ಎರಡೇ ಕೋವಿ, ಮೊದಲು ಮೂರಿತ್ತು. ಇರುವ ಒಂದರ ಕಥೆ ಬರೆದಿಡಿ. ಅಜ್ಜ ಯಾಕೆ ತಂದರು, ಹಂದಿ ನುಗ್ಗಿ ಬಾಳೆ ಮಗುಚಿದ ರಾತ್ರಿ ಏನಾಯಿತು, 2022ರಲ್ಲಿ ಕೇರಳ ಸರಕಾರ ಬೆಳೆ ಹಾಳುಮಾಡುವ ಹಂದಿಯನ್ನು ಕೊಲ್ಲಲು ಅನುಮತಿ ಕೊಡುವ ಅಧಿಕಾರವನ್ನು ಪಂಚಾಯತು ಅಧ್ಯಕ್ಷರಿಗೇ ಕೊಡುವಷ್ಟು ಕಷ್ಟ ಹೇಗೆ ಬಂತು, ಎಲ್ಲ. ಎಲೆಕ್ಷನ್ ಬಂದಾಗ ಠಾಣೆಯಲ್ಲಿ ಕೋವಿ ಇಟ್ಟ ರಶೀದಿಗಳಿದ್ದರೆ ಬಿಸಾಡಬೇಡಿ. ಮಗಳ ಅಭಿಪ್ರಾಯವನ್ನೂ ಅವಳ ಕೈಯಲ್ಲೇ ಅದೇ ಪುಸ್ತಕದಲ್ಲಿ ಬರೆಸಿ. ನನಗೆ ಅದು ಕೋವಿಗಿಂತ ಜಾಸ್ತಿ ಬೆಲೆಯದ್ದು ಅನ್ನಿಸುತ್ತದೆ.

ಪ್ರಶ್ನೆ: ಅಟ್ಟದಲ್ಲಿ ತುಕ್ಕು ಹಿಡಿದ ಕೋವಿ ಸಿಕ್ಕಿದೆ. ಕಾಗದಪತ್ರ ಏನೂ ಇಲ್ಲ. ತೊಳೆದು ಗೋಡೆಗೆ ಹಾಕಬಹುದಾ?
— ಓದುಗರು, ಪೆರ್ಲ

ಉತ್ತರ: ಈಗಲೇ ಬೇಡ. ನಳಿಗೆಯೊಳಗೆ ಮದ್ದು ಉಳಿದಿರಬಹುದು, ಉಜ್ಜುವುದು, ಕುಟ್ಟುವುದು ಮಾಡಬೇಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ. ರಿಪೇರಿ ಮಾಡಿದರೂ ಕೆಲಸಕ್ಕೆ ಬಾರದ ಹಳೇ ಕೋವಿಗೆ 1959ರ ಆಯುಧ ಕಾಯ್ದೆ ವಿನಾಯಿತಿ ಕೊಡುತ್ತದೆ. ಆದರೆ ನಿಮ್ಮದು ಆ ಸಾಲಿಗೆ ಸೇರುತ್ತದೋ ಇಲ್ಲವೋ ಅಂತ ನೀವೇ ತೀರ್ಮಾನಿಸಿ ಕೂರಬೇಡಿ. ಇದ್ದಲ್ಲೇ ಬಿಟ್ಟು ಮೊದಲು ಠಾಣೆಗೆ ತಿಳಿಸಿ.